ಹಿಂದಡಿ ಯಂಕಣ್ಣನ ಹೊಲ

ನನ್ನ ಗಂಡನ ಹೆಸರು ಯಂಕಣ್ಣ. ಅವನು ಇದ್ದಾಗ ಈ ಹೆಸರನ್ನು ನಾನು ಬಾಯಿಂದ ಹೇಳಿದ್ದು ಒಂದೇ ಸಲ, ಮದುವೆಯಲ್ಲಿ ಒಡಪು ಹೇಳಿ. ಆಮೇಲೆ ಇಪ್ಪತ್ತೊಂದು ವರ್ಷ ‘ಏನ್ರಿ’ ಎಂದೇ ಕರೆದೆ. ಈಗ ಯಾವ ಕಚೇರಿಗೆ ಹೋದರೂ ಮೊದಲು ಅದನ್ನೇ ಕೇಳುತ್ತಾರೆ. ಹೇಳುತ್ತೇನೆ. ಏನೂ ಅನ್ನಿಸುವುದಿಲ್ಲ.

ಊರಿನವರು ಅವನನ್ನು ಹಿಂದಡಿ ಯಂಕಣ್ಣ ಎನ್ನುತ್ತಿದ್ದರು. ಹಿಂದಕ್ಕೆ ನಡೆಯುತ್ತಿದ್ದ, ಅದಕ್ಕೆ. ಉಳ್ಳಾಗಡ್ಡಿ ಹೊಲಕ್ಕೆ ಕಸದ ಎಣ್ಣೆ ಹೊಡೆಯುವುದು ಅವನ ಕೆಲಸ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಕ್ಕೆಲ್ಲ ಎಣ್ಣೆ ಎಂದೇ ಹೆಸರು. ಕಸ, ಅಂದರೆ ಕಳೆ, ಎದ್ದ ಮೇಲೆ ಹೊಡೆಯುವ ಎಣ್ಣೆ ಬೇರೆ. ಇದು ಕಸ ಏಳುವ ಮೊದಲೇ, ಉಳ್ಳಾಗಡ್ಡಿಯೂ ಮೊಳೆಯುವ ಮೊದಲೇ, ಬರಿಯ ನೆಲಕ್ಕೆ ಹೊಡೆಯುವುದು. ಬಿತ್ತಿದ ಮೂರು ದಿನದೊಳಗೆ ಮುಗಿಸಬೇಕು. ನೆಲ ಹಸಿ ಇರಬೇಕು. ಗಾಳಿ ನಿಂತಿರಬೇಕು. ಎಣ್ಣೆ ನೆಲದ ಮೇಲೆ ತೆಳ್ಳಗೆ, ಹೊದಿಕೆಯ ಹಾಗೆ ಕೂರುತ್ತದೆ. ಕಸದ ಬೀಜ ಅದರ ಅಡಿಯಲ್ಲೇ ಒಡೆದು ಅಲ್ಲೇ ಸಾಯುತ್ತದೆ. ಹೊದಿಕೆ ಹರಿದಲ್ಲಿ ಮಾತ್ರ ಏಳುತ್ತದೆ.

ಮೊದಲ ವರ್ಷ ಅವನಿಗೆ ಇದು ಗೊತ್ತಿರಲಿಲ್ಲ. ಕಡೇಚೂರಿನಲ್ಲಿ ಒಂದು ಕಾರ್ಖಾನೆಯಲ್ಲಿ ಚೀಲ ಹೊತ್ತು, ಗೇಟಿನ ಒಳಗೆ ಇರಲಾರೆ ಎಂದು ಬಿಟ್ಟು ಬಂದಿದ್ದ. ಬೇರೆಯವರ ಪಂಪು ತಂದು ನಮ್ಮ ಹೊಲಕ್ಕೆ ಎಣ್ಣೆ ಹೊಡೆದ. ಎಲ್ಲರ ಹಾಗೆ ಮುಂದಕ್ಕೆ ನಡೆಯುತ್ತಲೇ ಹೊಡೆದ. ಇಪ್ಪತ್ತು ದಿನಕ್ಕೆ ನೋಡಿದರೆ ಹೊಲ ಸ್ವಚ್ಛ, ಆದರೆ ಅವನು ಕಾಲಿಟ್ಟ ಕಡೆಯೆಲ್ಲ ಕಸ. ಈ ಬದಿಯಿಂದ ಆ ಬದಿಗೆ ಹಸಿರು ಹೆಜ್ಜೆಗಳು. ಪಕ್ಕದ ಹೊಲದ ದೇವಿಂದ್ರಪ್ಪ ಒಡ್ಡಿನ ಮೇಲೆ ನಿಂತು ಕೂಗಿದ.

“ಏ ಯಂಕಣ್ಣಾ, ಉಳ್ಳಾಗಡ್ಡಿ ಬಿತ್ತೀಯೋ, ಹೆಜ್ಜಿ ಬಿತ್ತೀಯೋ?”

ನನ್ನ ಗಂಡ ಬಗ್ಗಿ ಒಂದು ಹೆಜ್ಜೆ ಮುಟ್ಟಿ ನೋಡಿದ. ಆ ಹೆಜ್ಜೆಗಳ ಮುಂದೆ ಅರ್ಧ ದಿನ ಕೂತ. ಮನೆಗೆ ಬಂದು ನನಗೆ ಹೇಳಿದ.

“ಎರಿ ಮಣ್ಣು ಕಾಲಿಗಿ ಮೆತ್ತತದ. ಕಾಲ ಎತ್ತಿದ್ರ ಮಣ್ಣಿನ ಜೋಡಿ ಎಣ್ಣಿನೂ ಎದ್ದು ಬರ್ತದ. ಮುಂದಿನ ಸಲ ಹಿಂದ ನಡೀತೀನಿ. ಹೊಡದದ್ದು ಮುಂದಿರತದ, ಕಾಲು ಹಿಂದಿರತದ. ತುಳಿಯೋ ಮಾತೇ ಇಲ್ಲ.”

ಹಾಗೇ ಮಾಡಿದ. ಬೆನ್ನಿಗೆ ಪಂಪು ಹಾಕಿಕೊಂಡು, ಹಿಂದೆ ತಿರುಗಿ ನೋಡದೆ, ಸಾಲು ತಪ್ಪದೆ ಹಿಂದಕ್ಕೆ ನಡೆಯುತ್ತಿದ್ದ. ದೆವ್ವದ ಪಾದ ಹಿಂದುಮುಂದು ಇರುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಹೆಣ್ಣುಮಕ್ಕಳು ಅವನನ್ನು ಕಂಡರೆ ‘ದೆವ್ವ ಬಂತು’ ಎಂದು ನಗುತ್ತಿದ್ದರು. ಆದರೆ ಅವನು ಹೊಡೆದ ಹೊಲದಲ್ಲಿ ಕಸ ಏಳುತ್ತಿರಲಿಲ್ಲ. ಜೇಕು ಹುಲ್ಲು ಒಂದು ಏಳುತ್ತಿತ್ತು. ಅದು ಯಾವ ಎಣ್ಣೆಯನ್ನೂ ಕೇಳುವುದಿಲ್ಲ. ಆಮೇಲೆ ರಂಗಂಪೇಟೆಯಿಂದಲೂ ಕರೆಯಲು ಬಂದರು, ಶಹಾಪುರದ ಕಡೆಯಿಂದಲೂ ಬಂದರು. ಬಿತ್ತಿಗೆಯ ಹದಿನೈದು ದಿನ ಅವನು ಮನೆಯಲ್ಲಿ ಕಾಣುತ್ತಿರಲಿಲ್ಲ. ಎಣ್ಣೆಯ ಬಣ್ಣ ಹಳದಿ. ಎಷ್ಟು ತೊಳೆದರೂ ಅವನ ಅಂಗೈ ಹಳದಿಯೇ. ಮದುಮಗನ ಕೈ ಇದ್ದ ಹಾಗೆ, ಅರಿಶಿನ ಹಚ್ಚಿದ ಹಾಗೆ ಇದೆ ಎಂದು ಅತ್ತೆ ಕರೆಮ್ಮ ಅನ್ನುತ್ತಿದ್ದಳು.

ಅವನ ಈ ಕೆಲಸ ಇಷ್ಟವಾಗದವಳು ಒಬ್ಬಳೇ, ಖಾಸಿಂಬೀ. ಕಸ ತೆಗೆಯುವ ಹೆಣ್ಣಾಳುಗಳನ್ನು ಕಟ್ಟಿಕೊಂಡು ಬರುವವಳು ಅವಳು.

“ಯಂಕಣ್ಣಾ, ನೀ ಎಣ್ಣಿ ಹೊಡಿಯೋದು ಕಸಕ್ಕಲ್ಲೋ, ನಮ್ಮ ಹೊಟ್ಟಿಗಿ.”

“ಕಾಯಿಪಲ್ಯಾ ಅದ, ಶೇಂಗಾ ಅದ, ಹತ್ತಿ ಅದ, ಅಲ್ಲೆಲ್ಲ ಕಸ ಅದ ಯಕ್ಕ. ನನ್ನ ಉಳ್ಳಾಗಡ್ಡಿ ಬಿಟ್ಟು ಎಲ್ಲಾದ್ರೂ ಹೋಗು.”

“ಒಂದಿನ ನಿನ್ನ ಹೊಲದಾಗೂ ಕಸ ಬರತದ ನೋಡು. ಆವಾಗ ಕರೀತಿ, ಖಾಸಿಂಬೀ ಬಾ ಅಂತ.”

“ಕರಿಯೋತನಕ ಕಾಯಬ್ಯಾಡ ಯಕ್ಕ, ಚಹಾಕ್ಕ ಬಾ.”

ಹೀಗೆ ಇಬ್ಬರೂ ಪ್ರತಿ ವರ್ಷ ಜಗಳ ಮಾಡುತ್ತಿದ್ದರು. ಅವಳು ಪ್ರತಿ ವರ್ಷ ಚಹಾಕ್ಕೆ ಬರುತ್ತಿದ್ದಳು.

ನನಗೂ ನಮ್ಮ ಮಗಳು ಅಂಜನಾಗೂ ಅವನದು ಒಂದೇ ಕಟ್ಟಪ್ಪಣೆ. ಎಣ್ಣೆ ಹೊಡೆದ ಹೊಲಕ್ಕೆ ಉಳ್ಳಾಗಡ್ಡಿ ಸೂಜಿಯಷ್ಟು ಏಳುವವರೆಗೂ ಕಾಲಿಡಬಾರದು. ಆಚೆ ಹೋಗಬೇಕಾದರೆ ಒಡ್ಡು ಸುತ್ತಿ ಹೋಗಬೇಕು. ಒಮ್ಮೆ ಆಡಿನ ಹಿಂದೆ ಓಡಿ ನಾಲ್ಕು ಹೆಜ್ಜೆ ಇಟ್ಟಿದ್ದೆ. ಎರಡು ದಿನ ಮಾತಾಡಲಿಲ್ಲ. ಆಮೇಲೆ ಆ ದಿನಗಳಲ್ಲಿ ಬುತ್ತಿ ತಗೊಂಡು ಹೋದಾಗ ಮೊದಲು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕಾಲು ನೋಡುತ್ತಿದ್ದ. ಮಣ್ಣು ಮೆತ್ತಿದೆಯೇ ಎಂದು. ಇಲ್ಲವಾದರೆ “ಬಾ, ಕೂಡು” ಎನ್ನುತ್ತಿದ್ದ.

ಹೋದ ವರ್ಷ ಆರಿದ್ರ ಮಳೆಗೆ ಬಿತ್ತಿದೆವು. ಮರುದಿನ ಬೆಳಿಗ್ಗೆ ಎದ್ದು ಎಡಗೈ ಉಜ್ಜಿಕೊಳ್ಳುತ್ತಿದ್ದ.

“ಏನಾಗೇದ್ರಿ ಕೈಗಿ?”

“ಏನಿಲ್ಲ. ಪಂಪಿನ ಪಟ್ಟಿ ಎಳದದ. ರೊಟ್ಟಿ ಜಲ್ದಿ ತಗೊಂಡು ಬಾ, ಇವತ್ತ ನಮ್ಮ ಹೊಲ ಮುಗಸ್ತೀನಿ.”

ಅವನು ರಸ್ತೆಯ ಬದಿಯಿಂದ ಶುರು ಮಾಡಿ ಹಿಂದಕ್ಕೆ ನಡೆಯುತ್ತ ಆಚೆ ತುದಿಯ ಬೇವಿನ ಗಿಡದ ಹತ್ತಿರ ಮುಗಿಸುತ್ತಿದ್ದ. ನೆರಳಿದೆ, ಕೂರಬಹುದು ಎಂದು. ನಾನು ಬುತ್ತಿ ಹೊತ್ತು ರಸ್ತೆಯ ಬದಿಗೆ ಮುಟ್ಟಿದಾಗ ಹೊಲ ಮುಗಿದಿತ್ತು. ಒಂದು ಹೆಜ್ಜೆ ಗುರುತೂ ಇರಲಿಲ್ಲ. ಅವನು ಬೇವಿನ ಗಿಡದ ಕೆಳಗೆ ಮಲಗಿದ್ದ. ಮಲಗುವುದು ರೂಢಿಯೇ. ಆದರೆ ಟವೆಲ್ ಹಾಸಿರಲಿಲ್ಲ. ಅವನು ಟವೆಲ್ ಹಾಸದೆ ನೆಲಕ್ಕೆ ಮಲಗಿದ್ದನ್ನು ನಾನು ನೋಡಿದ್ದಿಲ್ಲ. ಪಂಪನ್ನೂ ಪೂರ್ತಿ ಬಿಚ್ಚಿರಲಿಲ್ಲ. ಒಂದು ಪಟ್ಟಿ ಹೆಗಲ ಮೇಲೇ ಇತ್ತು.

“ಏನ್ರಿ,” ಎಂದು ಕೂಗಿದೆ. ಮತ್ತೊಮ್ಮೆ “ಏನ್ರಿ” ಎಂದೆ.

ಎದ್ದೇಳಲಿಲ್ಲ.

ನನಗೆ ಗೊತ್ತಾಗಿತ್ತು, ಏನೋ ಸರಿ ಇಲ್ಲ ಎಂದು. ಟವೆಲ್ ನೋಡಿದ್ದೆ, ಪಟ್ಟಿ ನೋಡಿದ್ದೆ. ಆದರೂ ನಾನು ಒಡ್ಡು ಹತ್ತಿದೆ. ಹೊಲ ಮುಂದಿತ್ತು, ನೇರ ಓಡಬಹುದಿತ್ತು. ಓಡಲಿಲ್ಲ. ಬುತ್ತಿಯನ್ನೂ ತಲೆಯಿಂದ ಇಳಿಸಲಿಲ್ಲ. ಜಾಲಿ ಮುಳ್ಳು ದಾಟಿ, ಮೂಲೆ ತಿರುಗಿ, ಆಚೆಯ ಒಡ್ಡಿನ ಮೇಲೆ ಬಿರಬಿರ ನಡೆದು ಹೋದೆ.

ಹೋದಾಗ ಕಣ್ಣು ತೆರೆದಿದ್ದ. ನನ್ನ ಕಾಲು ನೋಡಿದ. ನನ್ನ ಕಾಲಿಗೆ ಮಣ್ಣಿರಲಿಲ್ಲ. ಆಮೇಲೆ ನೋಡುವುದು ನಿಂತಿತು.

ದೇವಿಂದ್ರಪ್ಪ ಟ್ರ್ಯಾಕ್ಟರ್ ತಂದ. ಸುರಪುರದ ದವಾಖಾನೆಗೆ ಒಯ್ದೆವು. ಡಾಕ್ಟರು ಎದೆ ನಿಂತಿದೆ ಎಂದರು.

“ಸಾಹೇಬ್ರ, ಒಂದೀಟು ಮೊದಲ ಹೋಗಿದ್ರ ಉಳೀತಿದ್ರೇನ್ರಿ?” ಎಂದು ಕೇಳಿದೆ.

“ಹೇಳಾಕ ಬರೂದಿಲ್ಲಮ್ಮ,” ಎಂದರು.

ಅದೇ ಮಾತು ನನ್ನ ಹತ್ತಿರ ಉಳಿದಿದೆ. ಬೇರೆ ಏನೂ ಉಳಿದಿಲ್ಲ.

ನಮ್ಮಲ್ಲಿ ಹೊಲ ಇದ್ದವರನ್ನು ಅವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮಾವನನ್ನು ಬೇವಿನ ಗಿಡದ ಹತ್ತಿರ ಮಣ್ಣು ಮಾಡಿದ್ದರು. ಇವನಿಗೂ ಅಲ್ಲೇ ಕುಣಿ ತೋಡಬೇಕು ಎಂದು ಇವನ ಅಣ್ಣ ಹೇಳಿದ, ಶ್ರೀಮಂತ ಅಂತ ಅವನ ಹೆಸರು. ಮರುದಿನ ಹೆಣ ಹೊತ್ತು ರಸ್ತೆ ಇಳಿದು ಹೊಲದ ಬಾಯಿಗೆ ಬಂದರು. ನಾನು ಅಡ್ಡ ನಿಂತೆ.

“ಭಾವಾರ, ಒಡ್ಡು ಸುತ್ತಿ ಹೋಗ್ರಿ.”

“ಏನಂದಿ?”

“ಹೊಲ ತುಳೀಬ್ಯಾಡ್ರಿ. ನಿನ್ನಿ ಎಣ್ಣಿ ಹೊಡ್ದಾರ.”

ಶ್ರೀಮಂತ ನನ್ನನ್ನು ನೋಡಿದ. ಸಿಟ್ಟೂ ಬರಲಿಲ್ಲ ಅವನಿಗೆ. “ತಂಗಿ, ಒಡ್ಡಿನ ಮ್ಯಾಲ ಒಬ್ಬ ಮನುಷ್ಯ ನಡೀತಾನ. ನಾಕು ಮಂದಿ ಹೆಗಲ ಕೊಟ್ಟು ಹ್ಯಾಂಗ ನಡೀತಾರ? ಜಾಲಿ ಬ್ಯಾರೆ ಬೆಳದದ.”

“ಇಬ್ಬಿಬ್ರು ಹಿಡೀರಿ. ಬೇಕಂದ್ರ ನಾ ಹಿಡೀತೀನಿ.”

ಹಿಂದಿನಿಂದ ಯಾವಳೋ ಅಂದಳು, “ಅಯ್ಯ ನನ ಯವ್ವ, ಗಂಡ ಸತ್ತಾನ, ಇಕಿಗಿ ಕಸದ ಚಿಂತಿ.”

“ತಲಿ ತಿರಿಗ್ಯಾದ ಬಿಡು ಪಾಪ,” ಎಂದಳು ಇನ್ನೊಬ್ಬಳು.

ನನಗೆ ಕಸದ ಚಿಂತೆ ಇರಲಿಲ್ಲ. ಇವತ್ತು ಇವರು ಈ ಹೊಲವನ್ನು ತುಳಿಯಬಹುದಾದರೆ ನಿನ್ನೆ ನಾನೂ ತುಳಿಯಬಹುದಾಗಿತ್ತು. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಅದನ್ನು ಅಲ್ಲಿ ಯಾರಿಗೆ ಹೇಳಲಿ. ಅಂಜನಾ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. ಅವರು ಹೊಲಕ್ಕೆ ಇಳಿದರು. ಹಸಿ ಎರೆ. ಹೆಗಲು ಕೊಟ್ಟವರು, ಹಲಗೆ ಬಾರಿಸುವವರು, ಹಿಂದಿನ ಹೆಂಗಸರು, ಎಲ್ಲರ ಕಾಲಿಗೂ ಮಣ್ಣು ಮೆತ್ತಿ ದಪ್ಪವಾಯಿತು. ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದರು. ನಾನೊಬ್ಬಳೇ ಒಡ್ಡು ಸುತ್ತಿ ಹೋದೆ. ನಾನು ಮುಟ್ಟುವ ಹೊತ್ತಿಗೆ ಅವನನ್ನು ಕುಣಿಗೆ ಇಳಿಸಿದ್ದರು. ಅಲ್ಲಿಗೂ ತಡವಾಗಿ ಹೋದೆ.

ಆಗಲೂ ಅಳು ಬರಲಿಲ್ಲ. ಮಂದಿ ಅದನ್ನೂ ಆಡಿಕೊಂಡರು.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದು ಇಲ್ಲ. ರೊಟ್ಟಿ ಬಡಿದೆ. ನೀರು ತಂದೆ. ಅವನ ಅಂಗಿ ಒಗೆದೆ, ಹಳದಿ ಹೋಗಲಿಲ್ಲ.

ಇಪ್ಪತ್ತೆರಡನೇ ದಿನ ಹೊಲಕ್ಕೆ ಹೋದೆ. ಉಳ್ಳಾಗಡ್ಡಿ ಸೂಜಿಯ ಹಾಗೆ ಎದ್ದಿತ್ತು, ಸಾಲು ಸಾಲು. ಹೊಲ ಕಪ್ಪಗೆ ಸ್ವಚ್ಛ ಇತ್ತು. ನಡುವೆ ಮಾತ್ರ ಹೊಲದ ಬಾಯಿಂದ ಬೇವಿನ ಗಿಡದವರೆಗೆ ಹಸಿರು ದಾರಿ. ಹೆಜ್ಜೆ ಹೆಜ್ಜೆಯಾಗಿ ಕಸ ಎದ್ದಿತ್ತು. ದೊಡ್ಡ ಪಾದ, ಸಣ್ಣ ಪಾದ, ಹಲಗೆಯವರು ನಿಂತು ಕುಣಿದ ಕಡೆ ಒತ್ತೊತ್ತಾಗಿ. ಶ್ರೀಮಂತ ಎಡಗಾಲು ಎಳೆದು ನಡೆಯುತ್ತಾನೆ. ಅವನ ಹೆಜ್ಜೆ ಯಾವುದು ಎಂದೂ ಗೊತ್ತಾಗುತ್ತಿತ್ತು.

ಅಂದು ಬುತ್ತಿ ಹೊತ್ತು ನಿಂತ ಜಾಗ ನನಗೆ ನೆನಪಿದೆ. ಅವರ ದಾರಿಗಿಂತ ಸ್ವಲ್ಪ ಆಚೆ, ಜಾಲಿಯ ಮಗ್ಗುಲು. ಅಲ್ಲಿ ನಿಂತೆ. ಅಲ್ಲಿಂದ ಗಿಡದವರೆಗೆ ಒಂದೂ ಕಸ ಇಲ್ಲ. ಚಂದ ಇತ್ತು. ನಾನು ಓಡಬೇಕಾಗಿದ್ದ ನೆಲ.

ಉಳ್ಳಾಗಡ್ಡಿ ಎದ್ದಿತ್ತಲ್ಲ, ಇನ್ನು ಕಾಲಿಡಬಹುದು. ಸಾಲಿನ ನಡುವೆ ನೇರ ನಡೆದೆ. ನೂರಾ ಹದಿನೆಂಟು ಹೆಜ್ಜೆ. ಬಂದು ಮತ್ತೆ ಒಡ್ಡು ಸುತ್ತಿದೆ. ನಾಲ್ಕು ನೂರಾ ಆರು. ಗೊತ್ತಾಯಿತು. ಗೊತ್ತಾಗಿ ಏನೂ ಆಗಲಿಲ್ಲ.

ಖಾಸಿಂಬೀ ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ನಾನು ಕರೆದಿರಲಿಲ್ಲ. ಹಸಿರು ದಾರಿ ನೋಡಿ ನಿಂತಳು.

“ಯಾ ಅಲ್ಲಾ. ನಾ ಅಂದಿದ್ನಲ್ಲ, ಒಂದಿನ ನಿನ್ನ ಹೊಲದಾಗೂ ಬರತದ ಅಂತ. ಹಿಂಗ ಬರಲಿ ಅಂದಿದ್ದಿಲ್ಲವ್ವ.”

“ಗೊತ್ತದ ಯಕ್ಕ.”

“ಕೂಡು ನೀ. ನಾ ತಗೀತೀನಿ. ಅವ್ನ ಚಹಾ ಭಾಳ ಕುಡದೀನಿ.”

ನಾನು ಕೂರಲಿಲ್ಲ. ಇಬ್ಬರೂ ತೆಗೆದೆವು. ಅವಳು ಹೊಲದ ಬಾಯಿಂದ, ನಾನು ಗಿಡದ ಕಡೆಯಿಂದ. ಒಂದೊಂದೇ ಹೆಜ್ಜೆ ಕಿತ್ತೆವು. ನಡುವೆ ಎಲ್ಲೋ ಕೂಡಿದಾಗ ಅವಳಿಗೆ ಹೇಳಿದೆ. ನಾನು ಸುತ್ತಿ ಹೋದೆ ಎಂದು. ಟವೆಲ್ ನೋಡಿಯೂ ಸುತ್ತಿ ಹೋದೆ ಎಂದು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಖಾಸಿಂಬೀ ಕೈಯ ಮಣ್ಣು ಉದುರಿಸಿದಳು. “ಅವ್ನೇ ಕಲಿಸಿದ್ದು,” ಎಂದಳು. ಮತ್ತೆ ಕಸಕ್ಕೆ ಬಗ್ಗಿದಳು. ತಪ್ಪಿಲ್ಲ ಎನ್ನಲಿಲ್ಲ. ತಪ್ಪು ಎಂದೂ ಅನ್ನಲಿಲ್ಲ.

ಈ ವರ್ಷ ಎಣ್ಣೆ ನಾನೇ ಹೊಡೆದೆ. ಅವನ ಪಂಪು ಇತ್ತು. ಬೆಳಿಗ್ಗೆ ಒಂದು ಹೆಂಟೆ ಮಣ್ಣು ಎತ್ತಿ ಹಿಸುಕಿ ನೋಡಿದೆ, ಅಂಗೈಗೆ ಹಸಿ ಅಂಟಿತು. ಗಾಳಿ ಇರಲಿಲ್ಲ. ಅವನು ಗಿಡದ ಹತ್ತಿರ ಮುಗಿಸುತ್ತಿದ್ದ. ನಾನು ಗಿಡದ ಹತ್ತಿರ ಶುರು ಮಾಡಿ ಹಿಂದಕ್ಕೆ ನಡೆದು ರಸ್ತೆಯ ಬದಿಗೆ ಮುಗಿಸಿದೆ. ದಾರಿಯುದ್ದಕ್ಕೂ ಅವನ ಮಣ್ಣಿನ ಗುಪ್ಪೆ ಎದುರಿಗೇ ಇತ್ತು. ಎರಡು ಸಲ ಸಾಲು ತಪ್ಪಿದೆ. ನನ್ನ ಅಂಗೈಯೂ ಹಳದಿಯಾಯಿತು.

ಜಾಲಿಯ ಮಗ್ಗುಲಿಂದ ಗಿಡದವರೆಗೆ ಎರಡು ಪಾದದಷ್ಟು ಅಗಲ ಎಣ್ಣೆ ಬೀಳದಂತೆ ಬಿಟ್ಟೆ. ಅಲ್ಲಿ ಬಿತ್ತಿಯೂ ಇಲ್ಲ.

ಮೊನ್ನೆ ದೇವಿಂದ್ರಪ್ಪ ಒಡ್ಡಿನ ಮೇಲಿಂದ ಕೂಗಿದ.

“ಏ ಮಲ್ಲಾಬಾಯಿ, ನಡುವ ಒಂದು ಸಾಲು ಮರ್ತೀ ನೋಡವಾ. ಕಸ ಮಣಕಾಲ ಮಟ ಬೆಳದದ.”

“ಮರ್ತಿಲ್ಲಣ್ಣ. ಬಿಟ್ಟೀನಿ.”

“ಯಾಕ?”

“ನಡಿಯಾಕ.”

ನಾನು ಬುತ್ತಿ ತಲೆಗೆ ಹೊತ್ತು ಆ ಕಸ ತುಳಿದುಕೊಂಡು ನೇರ ಗಿಡದ ಕಡೆಗೆ ಹೋದೆ.