ಕನ್ನಡಿಯೊಳಗಿನ ಕೈ

ಆರ್ಡಿತ್ ಮ್ಯಾಡ್ಸನ್ ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು. ಹುಡುಕಿದಾಗ ಆಗೊಮ್ಮೆ ಈಗೊಮ್ಮೆ ಕಲ್ಲು ಸಿಕ್ಕಿಯೂ ಬಿಡುತ್ತಿತ್ತು, ತೊಂದರೆಯಾದದ್ದೇ ಅಲ್ಲಿ. ಯೂಟಾದ ಎಫ್ರೇಮ್ ಎಂಬ ಪುಟ್ಟ ಊರಿನಲ್ಲಿ ಅವಳು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕಣ್ಣು ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ. ಹಿಂದಿನ ಸೀಟಿನ ಪೋರ ಮುಂದಿನವಳ ಜಡೆಗೆ ಚ್ಯೂಯಿಂಗ್ ಗಮ್ ಅಂಟಿಸಲು ಹೊರಟಿದ್ದಾನೆ ಎಂಬುದು ಅವನಿಗೆ ಹೊಳೆಯುವ ಮೊದಲೇ ಇವಳಿಗೆ ಗೊತ್ತಾಗುತ್ತಿತ್ತು. "ಬಾಯಿ ನೋಡ್ಬೇಡ ಮಗಾ, ಕೈ ನೋಡು" ಎಂದು ಟರ್ಕಿ ಕೋಳಿ ಸಾಕುತ್ತಿದ್ದ ಅವಳಪ್ಪ ಹೇಳಿಕೊಟ್ಟಿದ್ದ. ಆ ಪಾಠವನ್ನು ಅವಳು ಬೇಕಾದ್ದಕ್ಕಿಂತ ಚೆನ್ನಾಗಿಯೇ ಕಲಿತಿದ್ದಳು.

ಆಗಸ್ಟಿನಲ್ಲಿ ಪಕ್ಕದ ಮನೆಯವಳು ಬುಟ್ಟಿ ತುಂಬ ಹಿತ್ತಲಲ್ಲಿ ಬೆಳೆದ ಜುಕಿನಿ ಕಾಯಿ ತಂದುಕೊಟ್ಟರೆ, ಇವಳಿಗೆ ನಮ್ಮಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುವಳು. ಚರ್ಚಿನ ಹಿರಿಯರು ಕೈ ಕುಲುಕಿ ಸ್ವಲ್ಪ ಹೆಚ್ಚು ಹೊತ್ತು ನಕ್ಕರೆ, ಯಾವ ಕೆಲಸ ತಲೆಗೆ ಕಟ್ಟುತ್ತಾರೋ ಎಂದು ದಾರಿಯುದ್ದಕ್ಕೂ ಗೊಣಗುವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಸರಿ. ಇವಳಿಗೆ ಹಾಲೂ ಹಾಲಲ್ಲ!

ಇಂಥವಳು ಲೋಕದಲ್ಲಿ ನಂಬುತ್ತಿದ್ದದ್ದು ಒಂದನ್ನೇ. ಗಂಡ ಥೇನ್‌ನ ಕೈಗಳನ್ನು. ಅವನು ಬಡಗಿ. ಪಟ್ಟಿ ಹಿಡಿಯದೆ ಕಣ್ಣಳತೆಯಲ್ಲೇ ಬಾಗಿಲು ಕೂರಿಸುತ್ತಿದ್ದ ಮನುಷ್ಯ. ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ ಮಲಗಲು, ಅಡಿಗೆಗೆ ಒಳಗೇ ಜಾಗವಿದ್ದ ಹಳೆಯ ಮನೆಗಾಡಿಯೊಂದನ್ನು ಕೊಂಡಿದ್ದರು. ಪ್ರತಿ ಅಕ್ಟೋಬರಿನಲ್ಲಿ ಬಿಸಿಲು ಹದಕ್ಕೆ ಬರುತ್ತಲೇ ಕೆಂಬಂಡೆಯ ನಾಡಿಗೆ ಹೊರಡುವರು. ಓಡಿಸುವವಳು ಅವಳು. ತಂಗುದಾಣ ಸೇರಿದ ಮೇಲೆ ಕೆಳಗಿಳಿದು ಹಿಂದೆ ನಿಂತು, ಬಾ, ಎಡಕ್ಕೆ, ನಿಲ್ಲು ಎಂದು ಕೈ ತೋರಿಸುವವನು ಅವನು.

ಮನೆಗಾಡಿಯವರಲ್ಲಿ ಒಂದು ಮದುವೆ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಅವರು ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನು ನೋಡಬೇಕು. ಸಂಜೆ ಹೊತ್ತು ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ನೋಡುವುದೂ ಅದನ್ನೇ. "ಎಡಕ್ಕೆ ಅಂದ್ನಲ್ಲೇ!" "ಯಾರ ಎಡ, ನಿನ್ನದೋ ನನ್ನದೋ?" ಎಂದು ಶುರುವಾದದ್ದು ಮಾವನ ಮನೆಯ ಪುರಾಣದವರೆಗೆ ಹೋಗುತ್ತದೆ. ಮ್ಯಾಡ್ಸನ್ ದಂಪತಿಗಳಿಂದ ಮಾತ್ರ ಯಾರಿಗೂ ಈ ಮನರಂಜನೆ ಸಿಕ್ಕಿದ್ದಿಲ್ಲ. ಗಾಡಿಯ ಹಿಂದಿದ್ದ ಕ್ಯಾಮೆರಾದ ಪರದೆಗೆ ಆರ್ಡಿತ್ ಟೇಪು ಅಂಟಿಸಿಬಿಟ್ಟಿದ್ದಳು. ಯಂತ್ರವನ್ನು ಹೇಗೆ ನಂಬುವುದು? ಪಕ್ಕದ ಕನ್ನಡಿಯಲ್ಲಿ ಥೇನ್‌ನ ಕೈ ಕಂಡರೆ ಅವಳಿಗೆ ಸಾಕಾಗಿತ್ತು.

ಆ ವರ್ಷ ಮೊದಲು ತಂಗಿದ್ದು ಫ್ರೂಟಾದ ಹಣ್ಣಿನ ತೋಟದ ಪಕ್ಕ, ಕೆಂಪು ಗೋಡೆಗಳ ಬುಡದಲ್ಲಿ. ಥೇನ್ ಗಾಡಿಯಿಂದ ಇಳಿದವನು ನೆಟ್ಟಗೆ ಹಿಂದಕ್ಕೆ ಹೋಗಲಿಲ್ಲ. ಪಕ್ಕದ ಬಿಡಾರದ, ಬೂದು ಟೊಪ್ಪಿಯ ಹೆಂಗಸಿನ ಹತ್ತಿರ ಹೋಗಿ ಏನೋ ಪಿಸುಗುಟ್ಟಿ, ಆಮೇಲೆ ಬಂದು ನಿಂತ. ಕೈ ತೋರಿಸಿದ, ಗಾಡಿ ನೂಲು ಹಿಡಿದ ಹಾಗೆ ಒಳಗೆ ಹೋಯಿತು. ಆದರೆ ಅವನ ಕೈ ಪ್ರತಿ ಸಲವೂ ಒಂದು ಗಳಿಗೆ ತಡವಾಗಿ ಏಳುತ್ತಿತ್ತು, ಎಲ್ಲಿಂದಲೋ ಅಪ್ಪಣೆ ಬರಬೇಕೆಂಬಂತೆ.

"ಯಾರದು?" ಎಂದು ಕೇಳಿದಳು, ಒಳಗೆ ಬಂದವನನ್ನು.

"ಯಾರು?"

"ಆ ಬೂದು ಟೊಪ್ಪಿ."

"ಓ, ಅವ್ಳಾ? ರೋವೀನಾ ಅಂತೆ. ನೆಬ್ರಾಸ್ಕಾದವ್ಳು. ಗಂಡ ತೀರಿಕೊಂಡಿದಾನಂತೆ, ಪಾಪ, ಒಬ್ಳೇ ತಿರುಗ್ತಾಳೆ. ನಾವು ಹೋಗೋ ಕಡೆಗೇ ಅವ್ಳೂ ಹೋಗೋದಂತೆ."

"ಇಳಿದು ಕಾಲು ಊರಿಲ್ಲ, ಆಗ್ಲೇ ಅವ್ಳ ಜಾತಕಾನೆಲ್ಲ ತಿಳ್ಕೊಂಡಿದೀಯಲ್ಲ ಮಾರಾಯ!"

ಥೇನ್ ನಕ್ಕ. ನಗುವಾಗ ಅವಳ ಮುಖ ನೋಡಲಿಲ್ಲ. ಅವಳ ಕಿವಿಯ ಪಕ್ಕದಲ್ಲೆಲ್ಲೋ ನೋಡಿದ. ಬೇಸಿಗೆಯಿಂದಲೂ ಅವನು ಹೀಗೇ ಮಾಡುತ್ತಿದ್ದ. ಮಾತಾಡುವಾಗ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಪತ್ರಿಕೆ ಓದುವುದನ್ನು ಬಿಟ್ಟಿದ್ದ. ಫೋನು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಮುಖ ನೋಡಿ ಮಾತಾಡಲಾಗದ ಗಂಡನ ಮನಸ್ಸಿನಲ್ಲಿ ಏನಿರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆರ್ಡಿತ್ ಆಲೂಗಡ್ಡೆ ಹೆಚ್ಚುತ್ತಿದ್ದವಳು ಚಾಕುವನ್ನು ಸ್ವಲ್ಪ ಜೋರಾಗಿಯೇ ಹಲಗೆಗೆ ಹೊಡೆದಳು.

ಮರುದಿನ ಟಾರಿ ಊರಿಗೆ ಸಾಮಾನು ತರಲು ಹೋದಾಗ ಥೇನ್ ಅಂಗಡಿಯಲ್ಲಿ ಹಿಂದುಳಿದ. ಹೊರಗೆ ಬಂದಾಗ ಅವನ ಕಂಕುಳಲ್ಲಿ ಒಂದು ಕಾಗದದ ಚೀಲವಿತ್ತು. ಏನದು ಎಂದರೆ, "ಮೊಳೆ" ಎಂದ. ಮೊಳೆಯ ಚೀಲ ಅಷ್ಟು ಹಗುರವಾಗಿ ತೂಗಾಡುವುದನ್ನು ಬಡಗಿಯ ಹೆಂಡತಿ ನೋಡಿರಲಿಲ್ಲ. ಸಂಜೆ ಅವಳು ಕಿಟಕಿಯ ಪರದೆಯನ್ನು ಬೆರಳಷ್ಟು ಸರಿಸಿ ನೋಡಿದಳು. ಸೇಬಿನ ಮರದ ಕೆಳಗೆ ಅವಳ ಗಂಡ ಆ ಚೀಲದಿಂದ ಹಳದಿ ಬಣ್ಣದ ಟೊಪ್ಪಿಯೊಂದನ್ನು ತೆಗೆದು ರೋವೀನಾಳ ಕೈಗಿಟ್ಟ. ಅವಳು ತಲೆಗಿಟ್ಟುಕೊಂಡು, ಹೇಗಿದೆ ಎಂಬಂತೆ ತಿರುಗಿದಳು. ಥೇನ್ ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ, ಸೊಗಸಾಗಿದೆ ಎಂದು ತಲೆಯಾಡಿಸಿದ. ಗಾಳಿ ಈ ಕಡೆಗೇ ಬೀಸುತ್ತಿದ್ದದ್ದರಿಂದ ಅವನ ಮಾತೂ ಕೇಳಿಸಿತು.

"ಆರ್ಡಿತ್‌ಗೆ ಮಾತ್ರ ಗೊತ್ತಾಗ್ಬಾರ್ದು."

ಅವಳು ಪರದೆಯನ್ನು ಫಟ್ಟನೆ ಎಳೆದಳು. ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಈ ಟೊಪ್ಪಿ ನಿಜಕ್ಕೂ ಹಳದಿಯಾಗಿಯೇ ಇತ್ತಲ್ಲ! ಮದುವೆಯಾದಂದಿನಿಂದ ತನಗೆ ಒಂದು ಕರವಸ್ತ್ರವನ್ನೂ ತಾನಾಗಿ ಕೊಡಿಸದ ಗಂಡಸು ಅವನು. ಆ ರಾತ್ರಿ ಅವಳು ಊಟ ಬಡಿಸಿ ಎದುರಿಗೆ ಕೂತಳು. ಅವನು ತಟ್ಟೆಯಲ್ಲಿನ ಬಟಾಣಿಯನ್ನು ಚಮಚದಿಂದ ತಡವುತ್ತಿದ್ದ. ಪಾಪಪ್ರಜ್ಞೆ ಇರುವವನಿಗೆ ಅನ್ನ ಇಳಿಯುವುದಿಲ್ಲ ಎಂದುಕೊಂಡಳು.

ಮುಂದಿನ ತಂಗುದಾಣವಾದ ಗಾಬ್ಲಿನ್ ಕಣಿವೆಯಲ್ಲೂ ಅದೇ ಕಥೆ. ಇವರ ಗಾಡಿ ಬರುವ ಹೊತ್ತಿಗೆ ರೋವೀನಾ ಅಲ್ಲಿ ಹಾಜರಿದ್ದಳು. ಥೇನ್ ಇಳಿದು ಹೋಗಿ ಮಾತಾಡಿ ಬಂದ. ಕೈ ತಡವಾಗಿ ಎದ್ದಿತು, ಗಾಡಿ ಕೂದಲೆಳೆ ಆಚೀಚೆಯಾಗದೆ ನಿಂತಿತು. ಕನ್ನಡಿಯ ಅಂಚಿನಲ್ಲಿ ಹಳದಿ ಟೊಪ್ಪಿ ಒಮ್ಮೆ ಇಣುಕಿ ಬಂಡೆಯ ಮರೆಗೆ ಸರಿಯಿತು.

"ನಿಮ್ಮ ಗೆಳತಿ ಬಂಡೆ ಹಿಂದೆ ಯಾಕೆ ಬಚ್ಚಿಟ್ಕೋತಾಳೆ?" ಎಂದು ಕೇಳಿದಳು ಆರ್ಡಿತ್. ಥೇನ್‌ಗೆ ಅವಳು ಬಹುವಚನ ಹಚ್ಚುವುದು ಕೋಪ ನೆತ್ತಿಗೇರಿದಾಗ ಮಾತ್ರ.

"ಯಾವ ಗೆಳತಿ? ಯಾವ ಬಂಡೆ? ನಾನೇನೂ ನೋಡ್ಲಿಲ್ಲಪ್ಪ" ಎಂದು ಅವನು ಗಡಿಬಿಡಿಯಿಂದ ಕುತ್ತಿಗೆ ಒರೆಸಿಕೊಂಡ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆರ್ಡಿತ್‌ಗೆ ಇನ್ನು ಸಾಕ್ಷಿ ಬೇಕಾಗಿರಲಿಲ್ಲ. ಜಗಳ ತೆಗೆದರೆ ಅವನು ಹೌದು ಎಂದುಬಿಟ್ಟರೆ? ಆ ಒಂದು ಮಾತಿಗೆ ಅವಳು ಹೆದರಿದಳು. ನಂಬಿದ್ದದ್ದು ಇವನೊಬ್ಬನನ್ನು, ಅವನೂ ಹೋದರೆ ತನಗೆ ಉಳಿಯುವುದೇನು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ರೋವೀನಾಳನ್ನು ದಾರಿಯಲ್ಲೇ ಬಿಟ್ಟು ತಪ್ಪಿಸಿಕೊಂಡು ಹೋಗುವುದೇ ಸರಿ ಎಂದು ತೀರ್ಮಾನಿಸಿದಳು.

ಬೆಳಿಗ್ಗೆ ರೋವೀನಾ ಬಂಡೆಗಳ ನಡುವೆ ತಿರುಗಾಡಲು ಹೋದದ್ದೇ ತಡ, ಆರ್ಡಿತ್ ಕುರ್ಚಿ ಮಡಚಿದಳು, ನೀರಿನ ಕೊಳವೆ ಕಿತ್ತಳು.

"ಇವತ್ತೇ ಹೊರಡೋದಾ?" ಥೇನ್‌ನ ದನಿ ಸಣ್ಣಗಾಯಿತು. "ಒಂದ್ನಿಮಿಷ ಇರು, ರೋವೀನಾಗೆ ಹೇಳಿ ಬರ್ತೀನಿ."

"ಏನೂ ಬೇಕಾಗಿಲ್ಲ. ಹತ್ತು."

"ಮುಂದೆ ಬ್ಲಫ್ ಊರಲ್ಲಿ ಒಟ್ಟಿಗೇ ಇಳಿಯೋಣ ಅಂತ ಮಾತಾಗಿತ್ತು…"

"ಯಾರ್ಯಾರ ಮಧ್ಯೆ ಮಾತಾಗಿತ್ತು?"

ಅವನು ಹತ್ತಿ ಕೂತ. ಹ್ಯಾಂಕ್ಸ್‌ವಿಲ್ ದಾಟಿ, ನದಿಯ ಸೇತುವೆ ದಾಟಿ, ಎರಡೂ ಕಡೆ ಇಟ್ಟಿಗೆ ಬಣ್ಣದ ಗುಡ್ಡಗಳ ನಡುವೆ ಗಾಡಿ ಓಡಿತು. ಬ್ಲಫ್ ಇನ್ನೂ ದೂರವಿರುವಾಗಲೇ ಆರ್ಡಿತ್ ಹೆದ್ದಾರಿ ಬಿಟ್ಟು ಒಂದು ಮಣ್ಣು ದಾರಿಗೆ ತಿರುಗಿಸಿದಳು. ಅದು ಯಾರು ಬೇಕಾದರೂ ಬಿಡಾರ ಹೂಡಬಹುದಾದ ಸರ್ಕಾರಿ ಬಯಲು. ಒಂದು ಗಾಡಿಯಿಲ್ಲ, ಒಂದು ನಾಯಿಯಿಲ್ಲ. ದಾರಿಯ ತುದಿಯಲ್ಲಿ ನೆಲ ಇದ್ದಕ್ಕಿದ್ದಂತೆ ಮುಗಿದು, ಕೆಳಗೆ ಆಳವಾದ ಕಂದರ ಬಾಯಿ ತೆರೆದಿತ್ತು.

"ಇಲ್ಲಿ ಬೇಡ ಆರ್ಡಿ" ಎಂದ ಥೇನ್. "ಜನಾನೇ ಇಲ್ವಲ್ಲ."

"ಜನ ಬೇಕಾ ನಿನಗೆ? ನಾನೊಬ್ಳು ಸಾಕಾಗಲ್ವಾ? ಇಳಿ. ಮಲಗೋ ಕಡೆಯ ಕಿಟಕಿ ಕಂದರದ ಕಡೆಗೆ ಬರೋ ಹಾಗೆ ಹಿಂದಕ್ಕೆ ತೆಗೀತೀನಿ. ಕೈ ತೋರ್ಸು."

ಅವನು ಬಾಗಿಲ ಹಿಡಿ ಹಿಡಿದು ತುಂಬ ಹೊತ್ತು ಕುಳಿತ. ಆಮೇಲೆ ಇಳಿದ. ಅಲ್ಲೊಬ್ಬಳಿದ್ದಿದ್ದರೆ ಹಾರಿಕೊಂಡು ಇಳಿಯುತ್ತಿದ್ದ ಎಂದು ಆರ್ಡಿತ್ ಹಲ್ಲು ಕಚ್ಚಿದಳು.

ಕನ್ನಡಿಯಲ್ಲಿ ಅವನು ಕಂಡ. ಎಡಗಡೆಗೆ ಒಮ್ಮೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಬಲಗೈ ಎತ್ತಿ, ಬಾ ಎಂದ. ಅವಳು ಬಿಟ್ಟಳು. ಬಾ, ಬಾ. ಗಾಡಿ ಹಿಂದೆ ಹಿಂದೆ ಬಂದಂತೆ ಅವನೂ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದ. ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ತಡವುತ್ತಿತ್ತು. ಅವಳು ಆ ಕೈಯನ್ನೇ ನೋಡಿದಳು. ಬಸ್ಸಿನಲ್ಲಿ ಮೂವತ್ತು ವರ್ಷ ಕೈಗಳನ್ನು ನೋಡಿದವಳಿಗೆ, ಇದು ಮೋಸ ಮಾಡುವವನ ಕೈಯಲ್ಲ, ಕತ್ತಲೆ ಕೋಣೆಯಲ್ಲಿ ನಡೆಯುವವನ ಕೈ ಎಂದು ಗೊತ್ತಾಯಿತು. ಅವನ ಹಿಂದೆ ಬಂಡೆಯ ನೆರಳಿನಂತೆ ಕಂಡದ್ದು ನೆರಳಾಗಿರಲಿಲ್ಲ. ನೆಲ ಅಲ್ಲಿಗೆ ಮುಗಿದಿತ್ತು. ಥೇನ್ ಆ ಕಡೆಗೆ ನಿಶ್ಚಿಂತೆಯಿಂದ ಮತ್ತೊಂದು ಹೆಜ್ಜೆ ಇಟ್ಟ.

ಅವಳು ಬ್ರೇಕು ಒತ್ತಿ ಹಾರನ್ನಿನ ಮೇಲೆ ಇಡೀ ಮೈಭಾರ ಹಾಕಿದಳು. ಕಂದರವೆಲ್ಲ ಅರಚಿಕೊಂಡಿತು. ಥೇನ್ ಇದ್ದಲ್ಲೇ ಕಲ್ಲಾಗಿ ನಿಂತ. ಅವನ ಹಿಮ್ಮಡಿಯಿಂದ ಒಂದು ಹರಳು ಉರುಳಿಹೋಯಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸಲಿಲ್ಲ.

ಓಡಿದರೆ ಅವನು ಬೆಚ್ಚಿಬೀಳಬಹುದೆಂದು ಅವಳು ನಿಧಾನವಾಗಿ ನಡೆದು ಹೋದಳು. ಅವನ ಅಂಗಿ ಹಿಡಿದು ಈಚೆ ಎಳೆದಳು. ಎಳೆದ ಮೇಲೆ ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು.

"ಕಣ್ಣಿಲ್ವೇನೋ ನಿನಗೆ?"

"ಇಲ್ಲ" ಎಂದ ಥೇನ್. "ಇಲ್ಲ ಕಣೇ ಆರ್ಡಿ."

ಇಬ್ಬರೂ ಮಣ್ಣಿನ ಮೇಲೆ ಕುಳಿತರು. ಅವನು ಅವಳ ಕಿವಿಯ ಪಕ್ಕಕ್ಕೆ ನೋಡುತ್ತ ಹೇಳಿದ. "ನಟ್ಟನಡುವೆ ಒಂದು ಮಸಿ ಕೂತಿದೆ. ಎರಡೂ ಕಣ್ಣಲ್ಲೂ. ವಾಸಿಯಾಗಲ್ಲ ಅಂದ್ರು ಡಾಕ್ಟ್ರು. ನಿನ್ನ ಮುಖ ನೋಡಕ್ಕೆ ಹೋದ್ರೆ ಮುಖಾನೇ ಇರಲ್ಲ. ಹೀಗೆ ಪಕ್ಕಕ್ಕೆ ನೋಡಿದ್ರೆ ಸ್ವಲ್ಪ ಸಿಗ್ತೀಯ."

"ಮತ್ತೆ ಫ್ರೂಟಾದಲ್ಲಿ? ಗಾಬ್ಲಿನ್ ಕಣಿವೇಲಿ? ಒಂದು ಗೀರು ಬೀಳ್ದಂಗೆ ತೆಗೆಸಿದ್ಯಲ್ಲೋ!"

"ರೋವೀನಾ ಮರೇಲಿ ನಿಂತು ತೋರಿಸ್ತಿದ್ಲು. ಅವ್ಳ ಕೈ ಹೆಂಗೆ ಆಡುತ್ತೋ ಹಂಗೆ ನಾನೂ ಆಡಿಸ್ದೆ. ಬೂದು ಟೊಪ್ಪಿ ಈ ಕಲ್ಲಲ್ಲಿ ಬೆರೆತು ಅವ್ಳೆಲ್ಲಿ ನಿಂತಿದಾಳೆ ಅಂತ ನನಗೆ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಹಳದೀದು ಕೊಡ್ಸಿದ್ದು."

ಆರ್ಡಿತ್‌ಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು. ಇನ್ನೊಬ್ಬ ಹೆಂಗಸೇ ಆಗಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು. ಹೆಂಗಸಾದರೆ ಜಡೆ ಹಿಡಿದು ಜಗಳವಾಡಬಹುದು. ಈ ಮಸಿಯ ಜಡೆ ಎಲ್ಲಿದೆ? ತಪ್ಪಿಸಿಕೊಳ್ಳುವ ಹಟದಲ್ಲಿ ಅವನ ಕಣ್ಣಾಗಿದ್ದವಳನ್ನು ಹಿಂದೆ ಬಿಟ್ಟು, ಅವನನ್ನು ಕಂದರದ ಬಾಯಿಗೆ ತಂದು ನಿಲ್ಲಿಸಿದವಳು ತಾನೇ ಎಂದು ನೆನೆದು ಅವನ ಅಂಗಿಯನ್ನು ಮತ್ತೆ ಗಟ್ಟಿಯಾಗಿ ಹಿಡಿದುಕೊಂಡಳು.

"ನನಗ್ಯಾಕೋ ಹೇಳ್ಲಿಲ್ಲ? ಅವಳ್ಯಾರೋ ದಾರಿಹೋಕಳಿಗೆ ಹೇಳಿದ್ಯಲ್ಲ?"

"ಅವ್ಳಿಗೆ ಹೇಳೋದು ಸುಲಭ. ನೀನು ಈ ಲೋಕದಲ್ಲಿ ನಂಬೋದು ನನ್ನ ಕೈ ಒಂದನ್ನೇ. ಅದೂ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆರ್ಡಿತ್ ಎದ್ದು ಮೈಯ ಮಣ್ಣು ಕೊಡವಿಕೊಂಡಳು. ಅವನನ್ನು ಎಬ್ಬಿಸಿ, ಕೈ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ಗಾಡಿಯನ್ನು ಬ್ಲಫ್ ಕಡೆಗೆ ಬಿಟ್ಟಳು.

ನದಿಯ ದಡದ ತಂಗುದಾಣದಲ್ಲಿ ಖಾಲಿ ಉಳಿದಿದ್ದದ್ದು ಒಂದೇ ಜಾಗ. ಹಿಂದಕ್ಕೇ ತೆಗೆಯಬೇಕು, ಎರಡೂ ಕಡೆ ಮರ. ರೋವೀನಾ ಇವರಿಗಿಂತ ಮೊದಲೇ ಬಂದಿದ್ದಳು. ಇವರ ಗಾಡಿ ಕಂಡದ್ದೇ ಅವಳು ಗಡಿಬಿಡಿಯಿಂದ ಟೊಪ್ಪಿ ಸಿಕ್ಕಿಸಿಕೊಂಡು ಪೊದೆಯ ಮರೆಗೆ ಹೋಗಿ ನಿಂತಳು. ಆರ್ಡಿತ್ ಎಂಜಿನ್ ನಿಲ್ಲಿಸಿ, ಇಳಿದು, ನೇರ ಅವಳ ಹತ್ತಿರ ಹೋದಳು.

"ನಾನು… ಸುಮ್ನೆ ಇಲ್ಲಿ, ಗಾಳಿಗೆ ಅಂತ ನಿಂತಿದ್ದೆ" ಎಂದಳು ರೋವೀನಾ.

ಆರ್ಡಿತ್ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಹುಟ್ಟುಗುಣ, ಅಷ್ಟು ಸುಲಭವಾಗಿ ಬಿಡುತ್ತದೆಯೇ?

"ಅಲ್ಲಿ ನಿಂತ್ರೆ ನನಗೆ ಕಾಣಲ್ಲ. ಈಚೆ ಬನ್ನಿ, ನನ್ನ ಕನ್ನಡಿಗೆ ಸಿಗೋ ಹಾಗೆ. ಇನ್ಮೇಲೆ ನನಗೇ ತೋರ್ಸಿ" ಎಂದಳು. ಮರಕ್ಕೆ ಗಾಡಿ ತಾಗಿಸಿದರೆ ಸುಮ್ಮನೆ ಬಿಡುವುದಿಲ್ಲ ಎಂದೂ ಸೇರಿಸಿದಳು.

ಗಾಡಿಗೆ ಹತ್ತಿದ ಮೇಲೆ ಬ್ರೇಕಿನ ಮೇಲಿನ ಕಾಲು ತೆಗೆಯಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಪಕ್ಕದಲ್ಲಿ ಕೂತ ಥೇನ್ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ಕೊನೆಗೆ, "ಏನ್ ತೋರಿಸ್ತಿದಾಳೆ?" ಎಂದು ಕೇಳಿದ.

"ಬಾ ಅಂತಿದಾಳೆ" ಎಂದು ಆರ್ಡಿತ್ ಕಾಲು ಸಡಿಲಿಸಿದಳು. "ಇನ್ನೂ ಬಾ ಅಂತಿದಾಳೆ. ಈಗ ಎಡಕ್ಕೆ ಅಂತಿದಾಳೆ. ಮರ ಒಂದು ಮೊಳ ದೂರ ಇದೆ, ತಾಗಲ್ಲ. ಈಗ ಸಾಕು ಅಂತಿದಾಳೆ."

ಗಾಡಿ ನಿಂತಿತು. ಅವಳು ಮಾತ್ರ ನಿಲ್ಲಿಸಲಿಲ್ಲ. ಎದುರಿನ ಗಾಜಿನಲ್ಲಿ ನದಿ ಎಲ್ಲಿ ತಿರುಗುತ್ತದೆ, ಆಚೆ ದಡದ ಕೆಂಪು ಗೋಡೆಯ ಮೇಲೆ ಬಿಸಿಲು ಎಲ್ಲಿಯವರೆಗೆ ಏರಿದೆ, ನೆರಳು ಎಲ್ಲಿಂದ ಶುರುವಾಗುತ್ತದೆ ಎಂದು ಒಂದೊಂದಾಗಿ ಅವನಿಗೆ ಹೇಳುತ್ತ ಹೋದಳು.