ಕಟ್ಟೆಮಳಲವಾಡಿಯ ಶಾಂತಲಾ ಕಾಯುವ ಕಾಣದ ಸೇತುವೆ

ಬೆಳಗಿನ ಐದು ಗಂಟೆ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಗೆ ಕರೆಂಟು ಬಂದಿದೆ. ಹೊಲಗಳ ಕಡೆಯಿಂದ ಪಂಪ್‌ಸೆಟ್ಟುಗಳ ಸದ್ದು ಶುರುವಾಗಿದೆ. ಶಾಂತಲಾ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಬಾಯಿಗೆ ಎರಡು ಕೊರಡು ತಳ್ಳುತ್ತಾರೆ, ಕಿಂಡಿಯಲ್ಲಿ ಬಗ್ಗಿ ಥರ್ಮಾಮೀಟರ್ ನೋಡುತ್ತಾರೆ, ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕದ ಕೋಣೆಗೆ ಓಡುತ್ತಾರೆ. ಅಲ್ಲಿ ರಾಗಿ ಮೂಟೆಗಳ ನಡುವೆ ಒಂದು ಹಳೆಯ ಕಂಪ್ಯೂಟರ್ ಕೂತಿದೆ. ಅದರ ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಏರುತ್ತಿವೆ.

"ಅಲ್ಲಿ ಸೊಪ್ಪು ಹದ ಆಯ್ತದೆ, ಇಲ್ಲಿ ಕಂಪ್ಯೂಟರ್ ಕೋಡು ಹದ ಆಯ್ತದೆ. ಎರಡನ್ನೂ ಬುಟ್ಟು ಅತ್ತಿತ್ತ ಅಲ್ಲಾಡಂಗಿಲ್ಲ ಕಣ್ರೀ" ಎಂದು ನಗುತ್ತಾರೆ.

ಬ್ಯಾರನ್ನಿನ ಬೆಂಕಿ ಊರಿಗೆಲ್ಲ ಗೊತ್ತು. ಈ ಸೀಮೆಯಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಮನೆಮನೆಯಲ್ಲೂ ಅದೇ ಕೆಲಸ. ಆದರೆ ಕೋಣೆಯೊಳಗೆ ಬೇಯುತ್ತಿರುವುದೇನು ಎಂಬುದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅತ್ತೆ ಸೋಮಮ್ಮನವರನ್ನು ಕೇಳಿದರೆ ಹಟ್ಟಿ ಗುಡಿಸುತ್ತಿದ್ದ ಪೊರಕೆ ನಿಲ್ಲಿಸಿ ಹೇಳುತ್ತಾರೆ: "ಅದೇನೋ ಸೇತುವೆ ರಿಪೇರಿ ಮಾಡ್ತಾಳಂತೆ ಕಣಪ್ಪ. ಒಳೆ ಇಲ್ಲ, ನೀರಿಲ್ಲ, ಬರೀ ಸೇತುವೆ. ನಾನೂ ನಾಕು ವರ್ಸದಿಂದ ನೋಡ್ತಾ ಇವ್ನಿ, ಇನ್ನೂ ಮುಗಿದಿಲ್ಲ ಅಂದ್ರೆ ಎಂಥ ಸೇತುವೆ ಇರ್ಬೈದು ನೀನೇ ಯೋಳು."

ಸೋಮಮ್ಮನವರು ತಮಾಷೆಗೆ ಹೇಳಿದರೂ ಮಾತು ಸುಳ್ಳಲ್ಲ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬದಲಿಸಿಕೊಡುವುದು ಕಂಪೈಲರ್. ಅಂಥ ಕಂಪೈಲರುಗಳನ್ನು ಕಟ್ಟಲು ಬೇಕಾದ ಸಾಮಾನನ್ನೆಲ್ಲ ತಯಾರಿಸಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಡುವ ದೊಡ್ಡದೊಂದು ಯೋಜನೆಯಿದೆ. ಹತ್ತಾರು ದೇಶಗಳ ಜನ ಸೇರಿ ನಡೆಸುವ ಕೆಲಸ ಅದು. ಎಲ್ಲವೂ ಸಿ ಪ್ಲಸ್ ಪ್ಲಸ್ ಎಂಬ ಕಡುಕಷ್ಟದ ಭಾಷೆಯಲ್ಲಿದೆ. ಪೈಥಾನ್ ಎಂಬ ಸುಲಭದ ಭಾಷೆ ಬಲ್ಲವರೂ ಆ ಸಾಮಾನನ್ನು ಬಳಸಬೇಕೆಂದರೆ ನಡುವೆ ಒಂದು ಸೇತುವೆ ಬೇಕು. ಬಲ್ಲವರು ಅದನ್ನು ಬೈಂಡಿಂಗ್ಸ್ ಎನ್ನುತ್ತಾರೆ. ಆ ಸೇತುವೆಯನ್ನು ಕಟ್ಟಿದವರು, ಇವತ್ತಿಗೂ ಕಾಯುತ್ತಿರುವವರು, ಹೊಗೆಸೊಪ್ಪಿನ ಕಮಟು ಹತ್ತಿದ ಸೀರೆಯುಟ್ಟ ಈ ಮೂವತ್ತಮೂರರ ಹೆಣ್ಣುಮಗಳು!

ಶಾಂತಲಾ ಅವರ ತವರು ಹೆಗ್ಗಡದೇವನಕೋಟೆ. ತಂದೆ ಕುಳ್ಳಯ್ಯ ಎರಡೆಕರೆಯ ರೈತರು. ಗಡಿಯಾಚೆಯಿಂದ ಶುಂಠಿ ಬೆಳೆಯಲು ಬಂದ ಮಲಯಾಳಿಗಳಿಗೂ ಊರಿನ ಹೊಲದವರಿಗೂ ಮಾತು ಕೂಡಿಸಿ ಕೊಡುವುದರಲ್ಲಿ ಕೋಟೆಗೆಲ್ಲ ಹೆಸರಾದವರು. ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಎರಡೂ ಕಡೆಯವರ ನಡುವೆ ಅಪ್ಪ ಕೂತಿರುತ್ತಿದ್ದುದನ್ನು ಮಗಳು ನೋಡಿ ಬೆಳೆದವರು. "ಅಪ್ಪ ಒಂದೇ ಮಾತು ಯೋಳೋರು. ಅವ್ರು ಅಂದಿದ್ನ ಕೂಡಿಸ್ಬಾರ್ದು, ಕಳೀಬಾರ್ದು, ಅಂಗೇ ದಾಟಿಸ್ಬೇಕು ಅಂತ. ನಾನು ಮಾಡ್ತಿರೋದೂ ಅದೇ ಅಲ್ವರಾ?" ಎನ್ನುತ್ತಾರೆ.

ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮೈಸೂರಿನ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅಲ್ಲಿ ಕಂಪೈಲರ್ ಪಾಠ ಮಾಡುತ್ತಿದ್ದವರು ಕೆ.ಆರ್. ನಗರದ ಶಿವನಂಜಪ್ಪ ಮೇಷ್ಟ್ರು. ಹುಡುಗರು ಸಿ ಪ್ಲಸ್ ಪ್ಲಸ್ ಮುಂದೆ ಕೂತು ಬೆವರುವುದನ್ನು ನೋಡಲಾರದೆ ಶಾಂತಲಾ ಎರಡು ಸಾವಿರದ ನಾಲ್ಕರಲ್ಲಿ ಲ್ಯಾಬಿಗೆಂದೇ ನಲವತ್ತು ಕೆಲಸಗಳ ಪುಟ್ಟ ಸೇತುವೆಯೊಂದನ್ನು ಬರೆದರು. "ಇದನ್ನ ಇಲ್ಲೇ ಕೊಳೆ ಹಾಕ್ಬೇಡಮ್ಮ, ಇಂಟರ್‌ನೆಟ್ಟಿಗೆ ಬಿಡು" ಎಂದು ಮೇಷ್ಟ್ರೇ ಬೆನ್ನು ಹತ್ತಿದರು. ಬಿಟ್ಟರು. ಆ ದೊಡ್ಡ ಯೋಜನೆಯವರು ಅದನ್ನು ತಮ್ಮ ಯೋಜನೆಗೇ ಸೇರಿಸಿಕೊಂಡರು. ಮರುವರ್ಷ ಮದುವೆಯಾಯಿತು. ಲ್ಯಾಬ್ ಕೆಲಸ ಬಿಟ್ಟು ಮಾದೇಶ ಅವರ ಕೈ ಹಿಡಿದು ಕಟ್ಟೆಮಳಲವಾಡಿಗೆ ಬಂದರು. ಸೇತುವೆ ಮಾತ್ರ ಜೊತೆಗೇ ಬಂತು.

ನಲವತ್ತಿದ್ದದ್ದು ಈಗ ಸಾವಿರದ ನೂರನ್ನು ದಾಟಿದೆ. ಯೋಜನೆಯವರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತಾರೆ. ಬಿಡುವಾಗೆಲ್ಲ ಆ ದಡದಲ್ಲಿ ಏನಾದರೂ ಬದಲಾಗುತ್ತದೆ, ಈ ದಡದಲ್ಲಿ ಶಾಂತಲಾ ಹಲಗೆ ಕಿತ್ತು ಹಲಗೆ ಜೋಡಿಸುತ್ತಾರೆ. ಎಲ್ಲವನ್ನೂ ಈ ಹಳೆಯ ಯಂತ್ರದಲ್ಲಿ ಒಮ್ಮೆ ಕಟ್ಟಿ ನೋಡಲು ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬೆಳಗಿನ ಕರೆಂಟು ಇರುವುದು ಎರಡೂವರೆ ಗಂಟೆ! ಹಾಗಾಗಿ ಒಂದು ಸಲ ಕಟ್ಟಲು ಎರಡು ಬೆಳಗು ಬೇಕು. ಕಟ್ಟಿದ ಮೇಲೆ ಮುನ್ನೂರ ಹದಿನೆಂಟು ಪರೀಕ್ಷೆಗಳು. ಅವೆಲ್ಲ ಪಾಸಾದರೆ ಕೆಲಸವನ್ನು ಪೆನ್‌ಡ್ರೈವಿಗೆ ತುಂಬಿ, ಪೆನ್‌ಡ್ರೈವನ್ನು ಕುಂಕುಮದ ಡಬ್ಬಿಯಲ್ಲಿಟ್ಟು, ಹತ್ತು ಗಂಟೆಯ ಬಸ್ಸಿಗೆ ಹುಣಸೂರು. ಅಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕೇಂದ್ರವೊಂದರಲ್ಲಿ ಮಧ್ಯಾಹ್ನದವರೆಗೆ ಪಾಠ ಹೇಳಿಕೊಟ್ಟು, ಆಮೇಲೆ ನಿಂಗರಾಜು ಅವರ ಸೈಬರ್ ಅಂಗಡಿಯಲ್ಲಿ ಒಂದು ಗಂಟೆ. ಅಷ್ಟರಲ್ಲಿ ಕಳಿಸುವುದನ್ನು ಕಳಿಸಿ, ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಬೇಕು. ದಿನಕ್ಕೆ ಹತ್ತಕ್ಕೆ ಕಡಿಮೆಯಿಲ್ಲ.

ಈ ವರ್ಷದ ಆಗಸ್ಟ್ ಕೊನೆಯಲ್ಲಿ ಬಂದ ಒಂದು ಪತ್ರ ಮಾತ್ರ ಅವರ ನಿದ್ದೆ ಕೆಡಿಸಿತು. ಬರೆದವರು ಬಿಡುಗಡೆಯ ಹೊಣೆ ಹೊತ್ತ ಹಿರಿಯರು. ಹೊಸ ಆವೃತ್ತಿಯ ಜೊತೆ ಪೈಥಾನ್ ಸೇತುವೆ ಬಳಸಿದರೆ ಪ್ರೋಗ್ರಾಮು ಕೆಲಸವನ್ನೆಲ್ಲ ಸರಿಯಾಗಿ ಮಾಡಿ, ಮುಗಿಯುವ ಕ್ಷಣದಲ್ಲಿ ಧೊಪ್ಪನೆ ಬೀಳುತ್ತಿದೆ ಎಂದು ಮೂರು ಕಡೆಯಿಂದ ದೂರು ಬಂದಿತ್ತು. ಸೆಪ್ಟೆಂಬರ್ ಹದಿನೈದರೊಳಗೆ ಸರಿಹೋಗದಿದ್ದರೆ ಬೈಂಡಿಂಗ್ಸನ್ನು ಯೋಜನೆಯಿಂದ ತೆಗೆಯಬೇಕಾಗುತ್ತದೆ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದಿದ್ದರು.

ತಪ್ಪು ತಿಳಿಯದೆ ಇನ್ನೇನು! ಐದು ವರ್ಷದ ಕೆಲಸ ಅದು. "ನಂಗೆ ಅಳುವೇ ಬಂತು ಕಣ್ರೀ. ಮದ್ವೆ ಆದ್ಮೇಲೆ ನಾನು ನಾನಾಗಿ ಉಳ್ಕೊಂಡಿದ್ದು ಅದೊಂದ್ರಲ್ಲೇ. ಅದೂ ಓದ್ರೆ ನಾನ್ಯಾರು, ಕೆಲ್ಸ ಬುಟ್ಟು ಬಂದೋಳು ಅಷ್ಟೆ" ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಹಿಂದೆಯೇ ಮೇಷ್ಟ್ರ ಫೋನೂ ಬಂತು. ಕೆ.ಆರ್. ನಗರದಲ್ಲಿ ನಿವೃತ್ತಿಯ ಮೇಲೂ ಪಾಠ ಬಿಡದ ಶಿವನಂಜಪ್ಪನವರು, "ತೆಗೆದುಬಿಟ್ಟರೆ ನನ್ನ ಹುಡುಗರಿಗೆ ಏನು ಹೇಳ್ಲಮ್ಮ?" ಎಂದರು.

ಹದಿನೈದು ಬೆಳಗು ಹುಡುಕಿದರು. ಒಂದೊಂದೇ ಸಾಲು ತೆಗೆದರು, ಹಾಕಿದರು. ಪ್ರತಿ ಸಲವೂ ಎಲ್ಲ ಸರಿಯಿದೆ, ಕೊನೆಯಲ್ಲಿ ಧೊಪ್! ಒಂದು ದಿನ ಇದೇ ಧ್ಯಾನದಲ್ಲಿ ಬ್ಯಾರನ್ನಿನ ಬೆಂಕಿ ಆರಿಹೋಗಿ, ಒಳಗೆ ಏರಿಸಿದ್ದ ಸೊಪ್ಪೆಲ್ಲ ಕಪ್ಪಾಯಿತು. ಮಾದೇಶ ಬೈಯಲಿಲ್ಲ. ಕಪ್ಪಾದ ಎಲೆಯನ್ನು ಕೈಯಲ್ಲಿ ಹಿಡಿದು, "ಇದು ಓದ್ರೆ ಓಗ್ಲಿ. ನೀನು ಉಣ್ಣೋದು ಬುಟ್ಬುಟ್ಟಿದ್ದೀಯಲ್ಲ, ಅದು ಸರೀನಾ?" ಎಂದು ಕೇಳಿದರಂತೆ. ಮರುದಿನದಿಂದ ಬೆಂಕಿಯನ್ನು ತಾವೇ ನೋಡಿಕೊಂಡರು.

ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ನಡೆದದ್ದನ್ನು ಹೇಳುವಾಗ ಶಾಂತಲಾ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಬಾಗಿಲಲ್ಲಿ ಮುಖ ತೊಳೆಯುತ್ತಿದ್ದಾಗ ಆಚೆ ಬೀದಿಯ ಬೀರಮ್ಮ ಒಂದು ಕೆಂದ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಆ ಹಸು ಕರುವಾಗಿದ್ದಾಗ ಸೋಮಮ್ಮನವರ ಹಟ್ಟಿಯಲ್ಲಿ ಕಟ್ಟಿದ್ದು. ಈ ಕಡೆ ದನವನ್ನು ವಾರಕ್ಕೆ ಕೊಡುವ ರೂಢಿಯಿದೆ. ಒಬ್ಬರ ದನವನ್ನು ಇನ್ನೊಬ್ಬರು ಮೇಯಿಸಿ ಸಾಕುತ್ತಾರೆ, ಹುಟ್ಟಿದ ಕರುಗಳನ್ನು ಹಂಚಿಕೊಳ್ಳುತ್ತಾರೆ, ತಾಯಿದನ ಮಾತ್ರ ಕೊಟ್ಟವರದೇ. ಇದೂ ಹಾಗೇ ಹೋದ ಹಸು ಎಂದೇ ಶಾಂತಲಾ ತಿಳಿದಿದ್ದರು. ಮೊದಲೇ ತಲೆ ಕೆಟ್ಟಿತ್ತು. ಬೀದಿಗಿಳಿದು ಅಡ್ಡ ನಿಂತರು.

"ಏನ್ ಬೀರಮ್ಮಾರೆ, ವಾರಕ್ಕೆ ಕೊಟ್ಟ ಹಸ ಮಾರಕ್ಕೆ ಒಂಟಿದ್ದೀರಲ್ಲ! ನಮ್ಮತ್ತೆನ ಒಂದ್ ಮಾತು ಕೇಳ್ಬ್ಯಾಡ್ವಾ?"

ಬೀರಮ್ಮ ಸುಮ್ಮನಿರುವ ಪೈಕಿಯೇ? ಹಸುವಿನ ಕೊರಳ ಹಗ್ಗವನ್ನು ಶಾಂತಲಾ ಮೂಗಿನ ಮುಂದೆ ಹಿಡಿದರು. "ಕಣ್ಬುಟ್ಟು ನೋಡವ್ವ, ಅಗ್ಗ ಯಾರ್ದು? ವಾರಕ್ಕೆ ಕೊಟ್ಟಿದ್ರೆ ನಿಮ್ಮಗ್ಗ ಸಮೇತ ಬತ್ತಿತ್ತು. ನಿಮ್ಮತ್ತೆ ಅವತ್ತೇ ಅಗ್ಗ ಬಿಚ್ಕೊಂಡು ಓದ್ರು, ನಾನು ನಮ್ಮಗ್ಗ ಆಕ್ಕೊಂಡು ತಂದೆ. ಇದು ಮಾರಿದ್ ಹಸ ಕಣವ್ವ! ಓದಿರೋಳು ನೀನು, ಅಷ್ಟೂ ತಿಳೀಯಾಕಿಲ್ವಾ?"

ಒಳಗಿನಿಂದ ಸೋಮಮ್ಮನವರೂ ಕೂಗಿದರು: "ಅಯ್ಯೋ ಬುಡವ್ವ ಅವ್ಳನ್ನ, ನಾನೇ ಮಾರಿವ್ನಿ! ಕೊಟ್ಟಿದ್ದೆಲ್ಲಾ ವಾರಕ್ಕೇ ಅನ್ಕೊಂಡ್ರೆ ಅಂಗೇ ಆಗದು."

ಶಾಂತಲಾ ನಿಂತಲ್ಲೇ ನಿಂತರು. ಹಸು ಮುಂದೆ ಹೋಯಿತು, ಬೀರಮ್ಮ ಗೊಣಗುತ್ತ ಹಿಂದೆ ಹೋದರು, ಇವರು ಬೀದಿ ನಡುವೆ ಒದ್ದೆ ಮುಖದಲ್ಲಿ ಹಾಗೇ ನಿಂತಿದ್ದರು.

ಬೀರಮ್ಮನ ಹಗ್ಗದ ಮಾತಿನಲ್ಲಿ ಅವರಿಗೆ ಸಿಕ್ಕ ತಪ್ಪು ಇದು. ಬರೆದ ಪ್ರೋಗ್ರಾಮೆಲ್ಲ ಮಾಡ್ಯೂಲ್ ಎಂಬ ಒಂದು ಗಂಟಿನಲ್ಲಿರುತ್ತದೆ. ಓಡಿಸಬೇಕೆಂದರೆ ಆ ಗಂಟನ್ನು ಎಂಜಿನ್ ಎಂಬ ಭಾಗಕ್ಕೆ ಒಪ್ಪಿಸಬೇಕು. ಎಲ್ಲ ಮುಗಿದ ಮೇಲೆ ಗಂಟನ್ನು ಅದರ ಒಡೆಯರಾದವರು ಒಂದೇ ಒಂದು ಸಲ ತೆಗೆದು ಹಾಕಬೇಕು. ಹಿಂದಿನ ಆವೃತ್ತಿಗಳಲ್ಲಿ ಆ ಒಡೆತನ ಪೈಥಾನ್ ಕಡೆಗಿತ್ತು. ಈ ಸಲ ಗಂಟನ್ನು ಎಂಜಿನ್ನೇ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ ಎಂದು ಯೋಜನೆಯವರು ಒಂದು ಸಾಲು ಬರೆದಿದ್ದರು. ಶಾಂತಲಾ ಆ ಸಾಲನ್ನು ಓದಿರಲಿಲ್ಲ ಎಂದಲ್ಲ. ಓದಿ, ತಮ್ಮ ಊರಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದರು. "ವಶಕ್ಕೆ ತಗೊಂಡ್ರೂ ಮೇಯಿಸಕ್ಕೆ ತಾನೆ ತಗೊಳದು, ಕೊನೇಗೆ ನಮ್ದೇ ಅಲ್ವಾ ಅಂತ ಬುಟ್ಟಿದ್ದೆ. ನಾನು ವಾರಕ್ಕೆ ಕೊಟ್ಟೆ ಅಂದ್ಕೊಂಡಿದ್ದೆ, ಅವ್ರು ಕೊಂಡ್ಕೊಂಡೆ ಅಂದ್ಕೊಂಡಿದ್ರು. ಅವ್ರೂ ತೆಗೆದಾಕೋರು, ನಾನೂ ತೆಗೆದಾಕ್ತಿದ್ದೆ. ಬೀಳದೆ ಇರ್ತದಾ?"

ಒಪ್ಪಿಸುವ ಕ್ಷಣದಲ್ಲೇ ಪೈಥಾನ್ ಕಡೆಯ ಹಗ್ಗ ಬಿಚ್ಚಿಬಿಡಬೇಕು. ಅಷ್ಟೇ! ಹನ್ನೊಂದು ಸಾಲು. ಗಂಟು ಯಾರದೆಂದು ನೆನಪಿಡುವ ಗುರುತಿಗೆ ಇಂಗ್ಲಿಷ್ ಅಕ್ಷರದಲ್ಲಿ 'ಹಗ್ಗ' ಎಂದೇ ಹೆಸರಿಟ್ಟರು. ಆ ಬೆಳಗು, ಮರುಬೆಳಗು ಕೂಡಿ ಕಟ್ಟಿದ್ದಾಯಿತು. ಮುನ್ನೂರ ಹದಿನೆಂಟೂ ಪಾಸು, ಕೊನೆಯಲ್ಲಿ ಸದ್ದಿಲ್ಲ. ಹದಿಮೂರರ ಮಧ್ಯಾಹ್ನ ಹುಣಸೂರಿಗೆ ಹೋದರೆ ಊರಿಗೆ ಊರೇ ಕರೆಂಟಿಲ್ಲ. ನಿಂಗರಾಜು ಪಕ್ಕದ ಜೆರಾಕ್ಸ್ ಅಂಗಡಿಯ ಜನರೇಟರಿನಿಂದ ವಯರ್ ಎಳೆದು ಒಂದೇ ಒಂದು ಕಂಪ್ಯೂಟರ್ ಹೊತ್ತಿಸಿದರು. "ಅಕ್ಕ ಆ ಒತ್ತಿನಲ್ಲಿ ಕುರ್ಚಿ ಮೇಲೆ ಕೂರ್ಲೇ ಇಲ್ಲ, ನಿಂತ್ಕಂಡೇ ಕಳ್ಸುದ್ರು" ಎಂದು ಅವರು ನೆನೆಯುತ್ತಾರೆ.

ಊರಿಗೆ ಬಂದವರೇ ಮೊದಲು ಬೀರಮ್ಮನ ಮನೆಗೆ ಹೋಗಿ ತಪ್ಪಾಯಿತು ಎಂದರು. ಬೀರಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟು, "ಓಗ್ಲಿ ಬುಡು, ಮನೆ ದನದ ಮ್ಯಾಲೆ ಆಸೆ ಇರೋಳು ಅಂತ ಗೊತ್ತಾಯ್ತು" ಎಂದರಂತೆ.

ಎರಡು ದಿನ ಉತ್ತರವಿಲ್ಲ. ಹದಿನೈದನೇ ತಾರೀಖು ಬಂದದ್ದೂ ಉತ್ತರವಲ್ಲ, ಪ್ರಶ್ನೆ: ಈ 'ಹಗ್ಗ' ಎಂದರೇನು? ಶಾಂತಲಾ ಎದೆ ಗಟ್ಟಿ ಮಾಡಿಕೊಂಡು ಹಸುವಿನ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದರು. ಒಂದು ಗಂಟೆಯೊಳಗೆ ಮಾರುತ್ತರ ಬಂತು: ಹೆಸರು ಹಾಗೇ ಇರಲಿ, ತಿದ್ದುಪಡಿ ಸೇರಿಸಿಕೊಂಡಿದ್ದೇವೆ.

ಹೊಸ ಆವೃತ್ತಿ ಹೊರಬಿದ್ದು ಈಗ ಎರಡು ವಾರ. ನಿಂಗರಾಜು ಅವರ ಅಂಗಡಿಯಲ್ಲಿ ಶಾಂತಲಾ ಬಿಡುಗಡೆಯ ಪ್ರಕಟಣೆಯನ್ನು ತೆರೆದು ತೋರಿಸುತ್ತಾರೆ. ಉದ್ದನೆಯ ಪುಟ. ಯಾರು ಯಾವ ಭಾಗ ಬರೆದರು, ಯಾವುದು ಎಷ್ಟು ಚುರುಕಾಯಿತು, ಯಾವುದರಲ್ಲಿ ಇನ್ನೂ ಏನು ದೋಷ ಉಳಿದಿದೆ ಎಂದೆಲ್ಲ ಇದೆ. ಎಷ್ಟು ಹುಡುಕಿದರೂ ಅವರ ಹೆಸರು ಕಾಣುವುದಿಲ್ಲ. ಬೇಜಾರಾಗಲಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಪುಟವನ್ನು ಕೊನೆಯವರೆಗೂ ಎಳೆದು, ಗೊತ್ತಿರುವ ದೋಷಗಳ ಪಟ್ಟಿಯಲ್ಲಿ ಒಂದು ಸಾಲಿನ ಕೆಳಗೆ ಬೆರಳಿಡುತ್ತಾರೆ. ಪೈಥಾನ್ ಬೈಂಡಿಂಗ್ಸ್: ತೊಂದರೆ ಏನೂ ಇಲ್ಲ.

"ಹೆಸ್ರು ಯಾಕ್ರೀ ಬೇಕು?" ಎನ್ನುತ್ತಾರೆ ಶಾಂತಲಾ. "ತೊಂದ್ರೆ ಏನೂ ಇಲ್ಲ ಅಂತ ಬರ್ದವ್ರಲ್ಲ, ಅದೇ ನಾನು."