ನಿನಗೆ ಯಾವುದು ಒಗ್ಗುತ್ತೆ ಕೂಸೇ?

ಹೋದ ತಿಂಗಳು ತಿ. ನರಸೀಪುರದ ಬಟ್ಟೆ ಅಂಗಡಿಯಲ್ಲಿ ತಂಗಿಯ ಮಗುವಿಗೆಂದು ಫ್ಲಾನೆಲ್ ಬಟ್ಟೆ ಕೇಳಿದೆ. ಅಂಗಡಿಯವರು ಥಾನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಹೊಸ ಬಟ್ಟೆಯ ಆ ಗಂಜಿವಾಸನೆ ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನ ನಮ್ಮ ಬೀದಿ, ಎದುರುಮನೆಯ ಚಿಕ್ಕ ಜಗುಲಿ, ಅಲ್ಲಿ ಹೊಲಿಗೆ ಮಿಷಿನ್ನಿನ ಮುಂದೆ ಬೆನ್ನು ಬಾಗಿಸಿ ಕೂತ ಟೈಲರಕ್ಕ... "ಎಷ್ಟು ಮೀಟರ್ ಮೇಡಂ?" ಎಂದು ಅಂಗಡಿಯವರು ಎರಡು ಸಲ ಕೇಳಿದರಂತೆ. ನನಗೆ ಕೇಳಿಸಲಿಲ್ಲ.

ಅಪ್ಪನ ಜಮೀನು ಚಿಕ್ಕಯ್ಯನಛತ್ರದ ಕಡೆ ಇತ್ತು. ನಮ್ಮ ಓದಿಗೆಂದು ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ಎದುರಿಗೇ ಟೈಲರಕ್ಕನ ಮನೆ. ರವಿಕೆ, ಸೀರೆಗೆ ಫಾಲ್ಸು, ಶಾಲೆಯ ಯೂನಿಫಾರ್ಮು, ಬೀದಿಯ ಎಲ್ಲ ಹೊಲಿಗೆಯೂ ಅವರದೇ. ಆಗ ಅವರಿಗೆ ಮೂವತ್ತೈದು ದಾಟಿತ್ತೇನೋ. ಗಂಡನ ವಿಷಯ ಅವರೂ ಎತ್ತುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಬೀದಿಯ ಹೆಣ್ಣುಮಕ್ಕಳನ್ನೆಲ್ಲ "ಕೂಸೇ" ಎಂದೇ ಕರೆಯುತ್ತಿದ್ದರು.

ನಾನು ದೊಡ್ಡವಳಾದದ್ದು ಎಂಟನೇ ಕ್ಲಾಸಿನಲ್ಲಿ. ಅಮ್ಮ ಹಳೆಯ ಸೀರೆ ಹರಿದು ಮಡಿಸಿ ಕೊಟ್ಟರು. ಒಗೆದದ್ದನ್ನು ಬಚ್ಚಲ ಹಿಂದೆ, ಲಂಗದ ಅಡಿಯಲ್ಲಿ ಮುಚ್ಚಿ ಹಾಕಬೇಕಿತ್ತು. ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಮುಗ್ಗಲು ವಾಸನೆಯ ಆ ತೇವದ ಬಟ್ಟೆಯನ್ನೇ ಇಟ್ಟುಕೊಂಡು ಶಾಲೆಗೆ ನಡೆಯುವಾಗ ತೊಡೆಸಂದಿ ಸುಲಿದು ಉರಿಯುತ್ತಿತ್ತು. ಆಮೇಲೆ ಚಿಕ್ಕಮ್ಮ ಅಂಗಡಿಯ ಪ್ಯಾಡ್ ತಂದುಕೊಟ್ಟರು. ಅದರ ಮೇಲಿನ ಪ್ಲಾಸ್ಟಿಕ್ಕಿನಂಥ ಪದರ ನನಗೆ ಆಗಿಬರಲಿಲ್ಲ. ಸಂಜೆಯ ಹೊತ್ತಿಗೆ ದದ್ದು, ತುರಿಕೆ. ಹೆಂಗಸರ ಬಾಳೇ ಹೀಗಿರಬೇಕು ಎಂದುಕೊಂಡು ಸುಮ್ಮನಿದ್ದೆ. ಖೊಖೊ ತಂಡದಿಂದ ಹೆಸರು ತೆಗೆಸಿದೆ.

ಒಂದು ದಿನ ಶಾಲೆಯಿಂದ ಬರುವಾಗ ಟೈಲರಕ್ಕ ಮಿಷಿನ್ ನಿಲ್ಲಿಸಿ ಕರೆದರು.

"ಯಾಕವ್ವಾ ಕೂಸೇ, ಇಂಗ್ ನಡೀತಿದ್ದೀಯ?"

"ಏನಿಲ್ಲ ಅಕ್ಕಾ."

"ಏನಿಲ್ಲ ಅಂದ್ರೆ ಕಾಲು ಯಾಕೆ ಅಗಲ ಬೀಳ್ತದೆ? ಬಾ ಒಳಕ್ಕೆ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಎಲ್ಲಿ ಉಜ್ಜುತ್ತದೆ, ಎಷ್ಟು ಹೊತ್ತಿಗೆ ಉರಿ ಶುರುವಾಗುತ್ತದೆ, ಶಾಲೆಯಲ್ಲಿ ಬದಲಾಯಿಸಲು ನೀರಿದೆಯಾ, ಎಲ್ಲ ಕೇಳಿದರು. ಅಳತೆ ತೆಗೆದುಕೊಳ್ಳುವಾಗ ತೋಳು ಬಿಗಿಯಾ, ಕತ್ತು ಅಗಲವಾ ಎಂದು ಕೇಳುತ್ತಾರಲ್ಲ, ಅದೇ ದನಿ. ನಾನು ಅತ್ತುಬಿಟ್ಟೆ. ಅಂಥದ್ದನ್ನು ಅದುವರೆಗೆ ಯಾರೂ ನನ್ನ ಹತ್ತಿರ ಕೇಳಿರಲಿಲ್ಲ.

ಅವರೂ ಹರೆಯದಲ್ಲಿ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದ್ದರಂತೆ. "ಲೈನ್‌ನಾಗೆ ಕೂತ್ರೆ ಊಟದ ಬೆಲ್ ಒಡ್ಯೋಗಂಟ ಏಳಂಗಿಲ್ಲ. ಒಂದೇ ಬಟ್ಟೇಲಿ ಕೂತು ಕೂತು ಉಣ್ಣಾಗೋಯ್ತು ಕಣವ್ವ. ಕೆಲ್ಸ ಬುಟ್ಟೆ. ಅವತ್ತೇ ಅಂದ್ಕೊಂಡೆ, ಊರೋರ್ಗೆಲ್ಲ ಒಲ್ಕೊಡ್ತೀನಿ, ನನ್ನ ಮೈಗೆ ಬೇಕಾದ್ದ ನಾನು ಒಲ್ಕೋಬಾರ್ದಾ ಅಂತ."

ಮೂರು ದಿನ ಬಿಟ್ಟು ಕರೆದು ನಾಲ್ಕು ಬಟ್ಟೆ ಕೊಟ್ಟರು. ಒಳಗೆ ಫ್ಲಾನೆಲ್, ಮೇಲೆ ಒಗೆದೊಗೆದು ಮೆತ್ತಗಾದ ಹತ್ತಿ ಲುಂಗಿಯ ತುಂಡು, ಎರಡೂ ಪಕ್ಕಕ್ಕೆ ಒತ್ತುಗುಂಡಿ. "ಇಟ್ಕೊಂಡು ಇಸ್ಕೂಲ್ಗೆ ಓಗಿ ಬಾ. ಎಲ್ಲಿ ಸರಿಯಿಲ್ಲ ಅಂತ ಬಂದು ಯೋಳು. ನಾಚ್ಕೋಬ್ಯಾಡ." ಮೊದಲ ಸಲ ಅವು ದಿಂಬಿನ ಹಾಗೆ ದಪ್ಪ. ಒಂದು ಪದರ ಬಿಚ್ಚಿದರು. ಮುಂದಿನ ತಿಂಗಳು ಅಂಚಿನ ಹೊಲಿಗೆ ಒತ್ತುತ್ತದೆ ಎಂದೆ. ಅದನ್ನು ಮಡಿಸಿ ಒಳಗೆ ತಿರುಗಿಸಿದರು. ಮೂರನೆಯ ಸಲ ಸರಿಯಾಯಿತು. ನಾನು ಮತ್ತೆ ಖೊಖೊ ಆಡಿದೆ.

ಹಾಗೆಂದು ಬಟ್ಟೆಯೇ ಶ್ರೇಷ್ಠ ಎಂದು ಹಟ ಹಿಡಿದವರಲ್ಲ ಅವರು. ನೀರು ಸಿಗದ ಕಡೆ, ದೂರದ ಬಸ್ಸಿಗೆ ಪ್ಯಾಡೇ ಒಳ್ಳೆಯದು, ಆದರೆ ಮೇಲೆ ಹತ್ತಿ ಇರುವಂಥದ್ದು ನೋಡಿ ತಗೋ ಎನ್ನುತ್ತಿದ್ದರು. ಹೊಸದೇನು ಬಂದರೂ ತಾವೇ ಮೊದಲು ಇಟ್ಟುಕೊಂಡು, ತಾಂಡವಪುರದ ರಸ್ತೆಯಲ್ಲಿ ಅರ್ಧ ದಾರಿ ನಡೆದು ಹೋಗಿ ಬರುತ್ತಿದ್ದರು. ನಾನು ಬಿ.ಇಡಿ. ಓದುತ್ತಿದ್ದಾಗ ರಜೆಯಲ್ಲಿ ಊರಿಗೆ ಬಂದರೆ, ಹೊಲಿಸಲು ಬರುತ್ತಿದ್ದ ಫ್ಯಾಕ್ಟರಿಯ ಹುಡುಗಿಯೊಬ್ಬಳು ತಂದುಕೊಟ್ಟ, ಪ್ಯಾಡಿನ ಬದಲು ಮೈಯೊಳಗೆ ಇಟ್ಟುಕೊಳ್ಳುವ ಸಿಲಿಕೋನ್ ಕಪ್ಪನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. "ಮೊದಲ್ನೇ ದಿವ್ಸ ಬಯ ಆಗೋಯ್ತು, ಒಳ್ಗೇ ಕಳ್ದೋಯ್ತೇನೋ ಅಂತ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. "ಮೂರ್ನೇ ತಿಂಗ್ಳಿಗೆ ಇಟ್ಕೊಂಡಿರೋದೇ ಮರ್ತೋದೆ. ಆದ್ರೆ ನನ್ ತಂಗೀಗೆ ಒಗ್ನಿಲ್ಲ. ಅವ್ಳಿಗೆ ಪ್ಯಾಡೇ ಸರಿ. ನಿನಗೆ ಯಾವ್ದು ಒಗ್ಗುತ್ತೋ ಅದ್ನ ನಿನ್ ಮೈಯೇ ಯೋಳ್ಬೇಕು ಕೂಸೇ, ನಾನಲ್ಲ."

ಮರುವರ್ಷ ಸೋಮನಾಥಪುರದ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ತಿಂಗಳಿಗೆ ಮೂರು, ನಾಲ್ಕು ದಿನ ಗೈರು. ಕಾರಣ ನನಗೆ ಗೊತ್ತಿತ್ತು. ಟೈಲರಕ್ಕನಿಗೆ ಫೋನು ಮಾಡಿ ಒಂದು ದಿನ ಬರುತ್ತೀರಾ ಎಂದು ಕೇಳಿದೆ. ಮುಖ್ಯೋಪಾಧ್ಯಾಯರಿಗೆ ಮಾತ್ರ, ಹೊಲಿಗೆ ಹೇಳಿಕೊಡಲು ಒಬ್ಬರು ಬರುತ್ತಾರೆ ಎಂದಷ್ಟೇ ಹೇಳಿದೆ. ನಿಜ ಹೇಳಲು ಧೈರ್ಯ ಬರಲಿಲ್ಲ.

ಮಿಷಿನ್ನಿಗೆ ಒಂದು ದಿನ ರಜ ಕೊಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು, ದೊಡ್ಡ ಚೀಲ ಹಿಡಿದು ಬಸ್ಸಿಳಿದರು. ಹುಡುಗಿಯರನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು ಬಟ್ಟೆ, ಪ್ಯಾಡು, ಕಪ್ಪು ಎಲ್ಲವನ್ನೂ ಹರಡಿ, ಮುಟ್ಟಿ ನೋಡಿ ಎಂದರು. ಮೊದಲು ಕಿಸಕಿಸ ನಗು. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಒಂಬತ್ತನೇ ಕ್ಲಾಸಿನ ತೆಳ್ಳಗಿನ ಹುಡುಗಿಯೊಬ್ಬಳು, ತರಗತಿಯಲ್ಲಿ ಎಂದೂ ಬಾಯಿ ಬಿಡದವಳು, "ಅಕ್ಕಾ, ನಮ್ಮನೇಲಿ ಅಟ್ಟದ ಮೂಲೇಲಿ ಒಣಗಾಕ್ತಾರೆ, ವಾಸ್ನೆ ಬತ್ತದೆ," ಎಂದಳು.

"ಬಿಸ್ಲಲ್ಲಿ ಆಕು ಕೂಸೇ. ನಿನ್ ಚೂಡಿದಾರ ಎಲ್ಲಿ ಒಣಗಾಕ್ತೀಯೋ ಅಲ್ಲೇ ಆಕು. ಅದೇನು ಕದ್ದ ಮಾಲಾ?"

ಆ ಹುಡುಗಿ ಹಾಗೆಯೇ ಮಾಡಿದಳು. ವಾರ ಕಳೆಯುವುದರೊಳಗೆ ಅವಳ ಅಪ್ಪ ಇಬ್ಬರನ್ನು ಕರೆದುಕೊಂಡು ಶಾಲೆಗೆ ಬಂದ.

"ಏನ್ ಸಾ ಇದು? ಅಂಗ್ಳದಾಗೆ, ಓಗೋಬರೋರೆಲ್ಲ ನೋಡಂಗೆ ನೇತಾಕವ್ಳೆ! ಕೇಳುದ್ರೆ ಇಸ್ಕೂಲಲ್ಲಿ ಯಾರೋ ಎಂಗ್ಸು ಯೋಳ್ಕೊಟ್ಳು ಅಂತವ್ಳೆ. ಇದಾ ನೀವು ಕಲ್ಸೋದು?"

ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. "ಯಾರಮ್ಮ ಆಕೆ? ನೀವೇ ಕರೆಸಿದ್ದಾ?"

ಮುಂದಿನ ವರ್ಷಕ್ಕೆ ನನ್ನನ್ನು ಮುಂದುವರಿಸುವುದು, ಬಿಡುವುದು ಅವರ ಕೈಯಲ್ಲಿತ್ತು. ಎದುರಿಗೆ ಮೂವರು ಗಂಡಸರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಇವೆಲ್ಲ ಈಗ ನಾನು ಹೇಳಿಕೊಳ್ಳುವ ಕಾರಣಗಳು... ಅವತ್ತು ಬಾಯಿಂದ ಬಂದದ್ದು ಇಷ್ಟು: "ಇಲ್ಲ ಸರ್. ಹೊಲಿಗೆ ಹೇಳ್ಕೊಡ್ತೀನಿ ಅಂತ ಅವರೇ ಬಂದ್ರು. ಇದನ್ನೆಲ್ಲ ತೋರಿಸ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

ಮುಖ್ಯೋಪಾಧ್ಯಾಯರು ನಂಬರು ಕೇಳಿದರು. ಕೊಟ್ಟೆ. ಎಲ್ಲರೆದುರಿಗೇ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆ ಮಿಷಿನ್ ಓಡುತ್ತಿದ್ದ ಸದ್ದು ನಿಂತಿತು. ಹೊಲಿಗೆ ಎಂದು ಹೇಳಿ ಬಂದು ಮಕ್ಕಳನ್ನು ಕೆಡಿಸುತ್ತೀರಾ, ನಮ್ಮ ಮೇಡಂಗೂ ಸುಳ್ಳು ಹೇಳಿದ್ದೀರಾ ಎಂದು ಅವರು ಗದರಿದರು. ನಾನು ನೆಲ ನೋಡುತ್ತ ನಿಂತಿದ್ದೆ.

"ತಪ್ಪಾಯ್ತು ಸಾ," ಎಂದರು ಟೈಲರಕ್ಕ. "ನಾನೇ ಬಂದದ್ದು. ಮೇಡಮ್ಮೋರ್ಗೆ ಏನೂ ಗೊತ್ತಿಲ್ಲ."

ಮೇಡಮ್ಮೋರು. ನನ್ನ ಹೆಸರನ್ನೂ ಹೇಳಲಿಲ್ಲ ಅವರು, ಪರಿಚಯವಿದೆ ಎಂಬುದೇ ತಿಳಿಯದಿರಲಿ ಎಂದು.

ಕೆಲಸ ಉಳಿಯಿತು. ಆ ಹುಡುಗಿ ಎರಡು ವಾರ ಬಿಟ್ಟು ಶಾಲೆಗೆ ಬಂದಳು. ಹತ್ತನೇ ಕ್ಲಾಸು ಮುಗಿಸಿ ಹೋಗುವವರೆಗೂ ನನ್ನ ಮುಖ ಎತ್ತಿ ನೋಡಲಿಲ್ಲ.

ಅಂದೇ ಸಂಜೆ ಟೈಲರಕ್ಕನಿಗೆ ಫೋನು ಮಾಡಬೇಕಿತ್ತು. ನಾಳೆ ಮಾಡೋಣ ಎಂದುಕೊಂಡೆ. ಹಾಗೆ ಅಂದುಕೊಂಡೇ ಮೂರು ವರ್ಷ ಕಳೆಯಿತು. ಊರಿಗೆ ಹೋದರೆ ಹಿಂದಿನ ಗಲ್ಲಿಯಿಂದ ನಮ್ಮ ಮನೆ ಹೊಕ್ಕು, ಅದೇ ದಾರಿಯಲ್ಲಿ ವಾಪಸಾಗುತ್ತಿದ್ದೆ. "ಟೈಲರಕ್ಕ ನಿನ್ನ ಕೇಳ್ತಿದ್ಲು ಕಣೇ, ಒಂದ್ಸಲ ಮಾತಾಡ್ಸಬಾರ್ದಾ?" ಎಂದು ಅಮ್ಮ ಹೇಳಿದಾಗಲೆಲ್ಲ ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಅಮ್ಮನ ಫೋನು ಬಂತು. ಟೈಲರಕ್ಕನಿಗೆ ಜ್ವರ ಎಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದರಂತೆ. ಹೋದವರು ತಿರುಗಿ ಬರಲಿಲ್ಲ.

ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜಗುಲಿಯಲ್ಲಿ ಅವರ ತಂಗಿ ಕೂತಿದ್ದರು. ಬೈಯಲಿ ಎಂದೇ ಎದುರಿಗೆ ಹೋಗಿ ನಿಂತೆ. ಅವರು ನನ್ನ ಕೈ ಹಿಡಿದುಕೊಂಡರು.

"ನಿನ್ ಇಸ್ಕೂಲ್ಗೆ ಬಂದದ್ದೇ ಅವ್ಳಿಗೆ ದೊಡ್ಡ ಇಸ್ಯ ಕಣವ್ವ. ನಮ್ ಕೂಸು ಟೀಚರಾಗಿ ನನ್ನ ಕರ್ಸಿತ್ತು, ಎಣ್ಮಕ್ಳೆಲ್ಲ ಸುತ್ತ ಕೂತು ಕೇಳುದ್ರು ಅಂತ ಬಂದೋರ್ಗೆಲ್ಲ ಯೋಳೋಳು."

ಆ ಫೋನಿನ ಮಾತನ್ನು ಟೈಲರಕ್ಕ ಒಡಹುಟ್ಟಿದವಳಿಗೂ ಹೇಳಿರಲಿಲ್ಲ. ನಾನಾದರೂ ಅಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ತಲೆಯಾಡಿಸಿ ಬಂದೆ.

ಈಗ ನನ್ನ ಕೆಲಸ ಕಾಯಂ ಆಗಿದೆ. ತಿ. ನರಸೀಪುರ ತಾಲ್ಲೂಕಿನ ಬೇರೊಂದು ಶಾಲೆಯಲ್ಲಿದ್ದೇನೆ. ಜೂನ್ ಬಂತೆಂದರೆ ಎಂಟನೇ ಕ್ಲಾಸಿನ ಹುಡುಗಿಯರನ್ನು ಕೂರಿಸಿಕೊಂಡು ನಾನೇ ಎಲ್ಲವನ್ನೂ ತೋರಿಸುತ್ತೇನೆ, ತಾಯಂದಿರನ್ನೂ ಕರೆಯುತ್ತೇನೆ. ಇವನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು ಎಂದು ಪ್ರತಿವರ್ಷ ಯಾರಾದರೊಬ್ಬಳು ಕೇಳಿಯೇ ಕೇಳುತ್ತಾಳೆ. ಓದಿ ತಿಳಿದುಕೊಂಡೆ ಎನ್ನುತ್ತಿದ್ದೆ. ಈ ವರ್ಷ ಹಾಗೆನ್ನಲು ನಾಲಿಗೆ ಏಳಲಿಲ್ಲ. ನಂಜನಗೂಡಿನಲ್ಲಿ ಒಬ್ಬರಿದ್ದರು ಎಂದು ಶುರುಮಾಡಿ ಎಲ್ಲ ಹೇಳಿದೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಾನು ಆಡಿದ ಮಾತನ್ನೂ ಹೇಳಿದೆ.

ಯಾರೂ ನಗಲಿಲ್ಲ. ಮುಂದೆ ಕೂತಿದ್ದವಳೊಬ್ಬಳು ಮೆಲ್ಲಗೆ, "ಅವ್ರನ್ನ ಒಂದ್ಸಲ ಇಲ್ಲಿಗೂ ಕರೀರಿ ಮಿಸ್," ಎಂದಳು.

"ಅವರಿಲ್ಲ ಕಣಮ್ಮ," ಎಂದೆ. "ಇದ್ದಾಗ, ಕರೆದದ್ದು ನಾನೇ ಅಂತ ನಾನು ಹೇಳಲಿಲ್ಲ."